ಅಪ್ಪನ ದನಿಗೊಂದು ಕ್ಯಾಮೆರಾ

“ಬಾರವ್ವ, ಒಳಗ ಬಾ! ನಿನ್ನ ದಾರೀನ ಕಾಯಾಕತ್ತಿದ್ವಿ ನೋಡ!”

ದುಂಡಸಿಯ ಆ ಮನೆಯ ಹೊಸ್ತಿಲಲ್ಲೇ ಮಲ್ಲಿಕಾ ಗಕ್ಕನೆ ನಿಂತಳು.

ನನ್ನ ದಾರಿಯನ್ನೇ? ನಾನು ಬರುವುದು ಇವರಿಗೆ ಹೇಗೆ ಗೊತ್ತಾಯಿತು?

ಅವಳು ಬಂದದ್ದು ಒಂದು ಹಳೆಯ ಕ್ಯಾಮ್‌ಕಾರ್ಡರ್ ನೋಡಲು. ಶಿಗ್ಗಾವಿಯ ಅಂಗಡಿಗಳನ್ನೆಲ್ಲ ಸುತ್ತಿ ಬೇಸತ್ತಾಗ ಫೋಟೋ ಸ್ಟುಡಿಯೋದ ನಾಸೀರ ಹೇಳಿದ್ದ, “ಅಂಥಾ ಸಣ್ಣ ವಿಡಿಯೋ ಕ್ಯಾಮೆರಾ ಈಗ ಯಾರೂ ಮಾರೂದಿಲ್ರಿ ಅಕ್ಕಾರ. ದುಂಡಸಿ ಸಾಗರ ಡಾಕ್ಟರ್ ಹತ್ರ ಒಂದೈತಿ. ಕೊಡ್ತೇನಿ ಅಂದಿದ್ರು, ಹೋಗಿ ನೋಡ್ರಿ.” ಬಹುಶಃ ಅವನೇ ಫೋನ್ ಮಾಡಿ ತಿಳಿಸಿರಬೇಕು ಅಂದುಕೊಂಡಳು.

ಮನೆಯೊಡತಿ ಹೊನ್ನವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಮಲ್ಲಿಕಾಳನ್ನು ಕುರ್ಚಿಯಲ್ಲಿ ಕೂರಿಸಿ, ಒಗ್ಗರಣೆ ಅವಲಕ್ಕಿ, ಬೇಸನ್ ಉಂಡಿ, ಚಹಾ ತಂದಿಟ್ಟಳು.

ಒಂದು ಕ್ಯಾಮೆರಾ ನೋಡುವುದಕ್ಕೆ ಇಷ್ಟೆಲ್ಲ ಉಪಚಾರವೇ!

“ಏನ್ ಕೇಳೂದೈತಿ ಎಲ್ಲಾ ಬಿಡಿಸಿ ಕೇಳವ್ವ. ಮುಚ್ಚಿಡೂದು ನಮ್ಮಲ್ಲಿ ಇಲ್ಲ.”

“ಎಷ್ಟು ವರ್ಷ ಆಗೇತ್ರಿ?”

“ಈ ಯುಗಾದಿಗೆ ಇಪ್ಪತ್ತೊಂಬತ್ತು ತುಂಬಿದ್ವು.”

ಮಲ್ಲಿಕಾಳ ಕೈಯಲ್ಲಿದ್ದ ಚಹಾ ತುಳುಕಿತು.

“ಇಪ್ಪತ್ತೊಂಬತ್ತಾ?! ಅಷ್ಟು ಹಳೇದನ್ನ ಯಾರು ತಗೋತಾರ್ರಿ?”

ಹೊನ್ನವ್ವನ ಮುಖ ಸಣ್ಣದಾಯಿತು. “ಇಪ್ಪತ್ತೊಂಬತ್ತು ಹಳೇದನವ್ವ? ನಿನ್ನ ತಂಗಿ ಏನ್ ಕೂಸನ?”

ತಂಗಿ? ಮಲ್ಲಿಕಾ ಒಬ್ಬಳೇ ಮಗಳು. ಅವಳಿಗೆ ಏನೂ ತಿಳಿಯಲಿಲ್ಲ. ಆದರೂ ಬಂದ ಕೆಲಸ ಬಿಡಬಾರದೆಂದು ಮೆಲ್ಲಗೆ ಕೇಳಿದಳು.

“ಬಿದ್ದು ಗಿದ್ದು ಪೆಟ್ಟಾಗೇತೇನ್ರಿ?”

“ಸಣ್ಣಾಂವ ಇದ್ದಾಗ ಹುಣಸಿ ಗಿಡದಿಂದ ಬಿದ್ದಿದ್ದ. ಈಗ ಏನೂ ಇಲ್ಲವ್ವ, ಗಟ್ಟಿ ಅದಾನ!”

ಅದಾನ…?!

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಒಬ್ಬ ಯುವಕ ಒದ್ದೆ ತಲೆಯನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಒಳಗೆ ಬಂದ. ಮಲ್ಲಿಕಾಳನ್ನು ಕಂಡು ತಡೆದು ನಿಂತ. ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು.

“ಹಾನಗಲ್ಲಿನವ್ರೇನ್ರಿ ನೀವು?”

“ಅಲ್ರಿ… ನಾ ಹತ್ತಿಮತ್ತೂರಾಕಿ. ಹುಲಗೂರು ಆರೋಗ್ಯ ಕೇಂದ್ರದಾಗ ನರ್ಸ್ ಅದೇನಿ. ಕ್ಯಾಮೆರಾ… ನೋಡಾಕ ಬಂದೇನಿ.”

“ಯವ್ವಾ ಶಿವನ!” ಎಂದು ಹೊನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ದಿನ ಹಾನಗಲ್ಲಿನಿಂದ ಶೀಲಾ ಎಂಬ ಹುಡುಗಿಯ ಅಕ್ಕ, ಭಾವ ಮದುವೆಯ ಸಂಬಂಧಕ್ಕಾಗಿ ಹೊನ್ನವ್ವನ ಮಗ ಸಾಗರನ ಮನೆ ನೋಡಲು ಬರುವವರಿದ್ದರು. ಹೊನ್ನವ್ವ ಮಲ್ಲಿಕಾಳನ್ನೇ ಆ ಅಕ್ಕ ಎಂದು ತಿಳಿದಿದ್ದಳು!

ಸಾಗರ ನಕ್ಕುಬಿಟ್ಟ. ಆದರೆ ನಾಚಿಕೆಯಿಂದ ಮಲ್ಲಿಕಾಳ ಕಣ್ಣು ತುಂಬಿದ್ದು ಕಂಡು ಅವನ ನಗು ಅಲ್ಲೇ ನಿಂತಿತು.

“ತಪ್ಪು ತಿಳ್ಕೋಬ್ಯಾಡ್ರಿ. ಕುಂದರ್ರಿ, ಕ್ಯಾಮೆರಾ ತರ್ತೇನಿ. ಆದ್ರ ಒಂದ ಮಾತು… ಈಗ ಫೋನಿನ್ಯಾಗ ಎಷ್ಟು ಚೊಲೋ ಬರ್ತೈತಿ. ನಿಮಗ ಇದ ಯಾಕ ಬೇಕು?”

“ಫೋನ್ ಹಿಡದ್ರ ಅಪ್ಪ ಬಾಯಿ ಬಿಡಂಗಿಲ್ರಿ. ನಡುವ ಯಾರದರ ಕಾಲ್ ಬಂದು ನಿಂತಬಿಡ್ತೈತಿ. ದನಿ ಬಾವ್ಯಾಗಿಂದ ಬಂದಂಗ ಕೇಳತೈತಿ…” ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. “ಅಪ್ಪ ದೊಡ್ಡಾಟದ ಮಾಸ್ತರ. ಊರೂರಿಗೆ ಹೋಗಿ ಹಾಡು ಕಲಿಸ್ಯಾನ. ಈಗ ಗಂಟಲದಾಗ ಕ್ಯಾನ್ಸರ್ ಐತಿ. ಹುಬ್ಬಳ್ಳ್ಯಾಗ ಆಪರೇಷನ್ ಮಾಡಿ ಧ್ವನಿಪೆಟ್ಟಿಗಿ ತಗೀತಾರ್ರಿ. ಜೀವ ಉಳೀತೈತಿ. ದನಿ… ಉಳ್ಯಂಗಿಲ್ಲ.”



ಸಾಗರ ಒಳಗೆ ಹೋಗಿ ಕಪ್ಪು ಚೀಲವೊಂದನ್ನು ತಂದ. ಅಂಗೈಗೆ ಕೂರುವಂಥ ಕ್ಯಾಮೆರಾ. ಪಕ್ಕದ ಸಣ್ಣ ಪರದೆಯನ್ನು ತೆರೆದು ತೋರಿಸಿದ. ಅದರಲ್ಲಿ ಒಂದು ಎತ್ತು ಮೆಲ್ಲಗೆ ಕುಂಟುತ್ತ ನಡೆಯುತ್ತಿತ್ತು!

“ನಾ ದನದ ಡಾಕ್ಟರ್ ರೀ, ಸವಣೂರಾಗ. ಯಾವ ಕಾಲು ನೋಯಾಕತ್ತೈತಿ ಅಂತ ನೋಡಾಕ ಇದನ್ನ ತಗೊಂಡಿದ್ದೆ.” ಬದಿಯ ಸಣ್ಣ ಮುಚ್ಚಳ ತೆಗೆದ. “ಇಲ್ನೋಡ್ರಿ, ಹೊರಗಿನ ಮೈಕ್ ಹಚ್ಚಾಕ ಜಾಗ. ಭಾಳ ಕ್ಯಾಮೆರಾದಾಗ ಇದು ಇರೂದಿಲ್ಲ. ನಿಮಗ ಬೇಕಾದ್ದು ಇದ. ಜೂಮ್ ಗೀಮ್ ಎಲ್ಲಾ ಆಮ್ಯಾಲಿನ ಮಾತು.”

ಮಲ್ಲಿಕಾ ಕ್ಯಾಮೆರಾ ಹಿಡಿದು ನೋಡಿ ಬೆಲೆ ಕೇಳಿದಳು.

“ಈಗ ಮಾರೂದು ಬ್ಯಾಡ. ಒಯ್ದು ಬಳಸಿ ನೋಡ್ರಿ. ತ್ರಾಸ ಆದ್ರ ಫೋನ್ ಮಾಡ್ರಿ.”

ಹೊರಗೆ ಕಾರು ನಿಂತ ಸದ್ದು. ಹಾನಗಲ್ಲಿನವರು ನಿಜವಾಗಿಯೂ ಬಂದಿದ್ದರು.

ಮಲ್ಲಿಕಾ ಚೀಲ ಎದೆಗವಚಿ ಹೊರಬಿದ್ದಳು. ಬೇಕಾಗಿದ್ದ ವಸ್ತು ಕೈಗೆ ಸಿಕ್ಕಿತ್ತು… ಆದರೂ ಬಸ್ಸಿನಲ್ಲಿ ಕೂತಾಗ ಮನಸ್ಸು ಯಾಕೆ ಭಾರ? ಒಂದು ಗಳಿಗೆ ನೋಡಿದವನ ಮನೆಗೆ ಯಾರು ಬಂದರೆ ತನಗೇನು?



*

ಮೊದಲ ದಿನದ ವಿಡಿಯೋ ನೋಡಿ ಮಲ್ಲಿಕಾ ಅತ್ತೇಬಿಟ್ಟಳು.

ಅಪ್ಪ ಶಿದ್ಲಿಂಗಪ್ಪ ಬಾಗಿಲ ಬೆಳಕಿಗೆ ಬೆನ್ನು ಹಾಕಿ ಕೂತಿದ್ದ. ಮುಖವೆಲ್ಲ ಕಪ್ಪು. ಫ್ಯಾನಿನ ಗರಗರ ಸದ್ದಿನಲ್ಲಿ ಅವನ ಗೊಗ್ಗರು ದನಿ ಮುಳುಗಿಹೋಗಿತ್ತು. ಅದಕ್ಕೂ ಮಿಗಿಲಾಗಿ, ಕ್ಯಾಮೆರಾ ಎದುರು ಅವನು ಮರಗಟ್ಟಿದಂತೆ ಕೂತಿದ್ದ.

“ಬ್ಯಾಡ ಬಿಡವ್ವ,” ಎಂದ ಶಿದ್ಲಿಂಗಪ್ಪ. “ಅದರ ಕಣ್ಣು ನೋಡಿದ್ರ ನನಗ ಹಾಡ ಮರತಹೋಗತೈತಿ.”

ಫೋನ್ ಮಾಡಲೋ, ಬೇಡವೋ… ಕೊನೆಗೆ ಮಾಡಿಯೇಬಿಟ್ಟಳು. ಸಂಜೆಯೊಳಗೆ ಸಾಗರನ ಬೈಕು ಹತ್ತಿಮತ್ತೂರಿನ ಮನೆಯ ಅಂಗಳದಲ್ಲಿತ್ತು.

ಅವನು ಬಂದವನೇ ಫ್ಯಾನ್ ಆರಿಸಿದ. ಶಿದ್ಲಿಂಗಪ್ಪನ ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ತಿರುಗಿಸಿದ. ಕ್ಯಾಮೆರಾದ ಸ್ಟ್ಯಾಂಡನ್ನು ಅವನ ಕಣ್ಣಿನ ಮಟ್ಟಕ್ಕೆ ಇಳಿಸಿದ. ತಾನು ತಂದಿದ್ದ ಸಣ್ಣ ಮೈಕನ್ನು ಅಂಗಿಯ ಗುಂಡಿಯ ಹತ್ತಿರ ಸಿಕ್ಕಿಸಿದ.

“ಮಲ್ಲಿಕಾ ಅವ್ರ, ಒಮ್ಮೆ ಹಚ್ಚಿದ ಮ್ಯಾಲೆ ಕ್ಯಾಮೆರಾದ ಕಡೆ ನೋಡಬ್ಯಾಡ್ರಿ. ಜೂಮ್ ಮುಟ್ಟಬ್ಯಾಡ್ರಿ. ನೀವು ಅಪ್ಪಾರ ಎದುರು ಕುಂದರ್ರಿ. ಅವ್ರು ನಿಮ್ಮ ಮುಖ ನೋಡಿ ಹಾಡ್ಲಿ.”

ಆಮೇಲೆ ತಾನೇ ನೆಲದ ಮೇಲೆ ಕೂತು, “ಮಾಸ್ತರ್ರ, ಭೀಮನ ವೇಷ ಹಾಕಿದಾಂವ ಮಾತು ಮರತ್ರ ಏನ್ ಮಾಡ್ತಿದ್ರಿ?” ಎಂದು ಕೇಳಿದ.

ಶಿದ್ಲಿಂಗಪ್ಪ ನಕ್ಕ. ಕತೆ ಶುರುವಾಯಿತು. ಕತೆಯ ನಡುವೆ ಹಾಡು ಬಂತು. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ಅವನು ನಿಂತು ಉಸಿರು ತೆಗೆದುಕೊಂಡು ಮತ್ತೆ ಹಿಡಿದ. ಆ ಒಡೆದ ದನಿ ಕೇಳಿ ಮಲ್ಲಿಕಾಳಿಗೆ ಅಳುವೂ ಬಂತು, ಅದೇ ಹೊತ್ತಿಗೆ ಸಂತೋಷವೂ ಆಯಿತು.

ಅಂದಿನಿಂದ ಪ್ರತಿ ರವಿವಾರ ಸಾಗರ ಬರತೊಡಗಿದ. ಹಾಡು ಮುಗಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಸಣ್ಣ ಪರದೆಯಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ತಲೆಗೆ ತಲೆ ತಾಗುವಷ್ಟು ಹತ್ತಿರ…

ಹೀಗೆ ಕೂತಿದ್ದಾಗಲೇ ಒಂದು ದಿನ ಅವನಿಗೆ ಫೋನ್ ಬಂತು. ಅವನು ಸ್ವಲ್ಪ ದೂರ ಹೋಗಿ ಮಾತಾಡಿದ. ಆದರೂ ಮಾತು ಕೇಳಿಸಿತು.

“ಹೌದವ್ವ… ಹಾನಗಲ್ಲಿನವ್ರಿಗೆ ಇವತ್ತ ನಾನ ಹೇಳ್ತೇನಿ. ಶೀಲಾ ಚೊಲೋ ಹುಡುಗಿ, ಆಕಿನ್ನ ಕಾಯಿಸೂದು ಬ್ಯಾಡ. ನನ್ನ ಮನಸ್ಸು ನಿಕ್ಕಿ ಆಗೇತಿ.”

ಮಲ್ಲಿಕಾಳ ಕೈಯಲ್ಲಿದ್ದ ಪರದೆ ಮಂಜಾಯಿತು.

ಓ… ಹಾಗಾದರೆ ಮದುವೆ ಗಟ್ಟಿಯಾಯಿತು! ಮತ್ತೆ ಇವನು ಇಲ್ಲಿ ಯಾಕೆ ಬರುತ್ತಾನೆ? ಅಪ್ಪನ ಮೇಲಿನ ಕರುಣೆಯೇ? ನನ್ನನ್ನು ಹಾಗೆ ನೋಡುವುದು ಯಾಕೆ? ನನಗೆ ಮಾತ್ರ ಹಾಗೆ ಕಾಣುತ್ತಿದೆಯೇ?

ಕೇಳಬೇಕೆಂದು ಬಾಯಿ ತೆರೆದಳು. “ಚಹಾ ತರ್ತೇನಿ,” ಎಂದಷ್ಟೇ ಬಂತು.

*

ಆಪರೇಷನ್ನಿಗೆ ಮುಂಚಿನ ರವಿವಾರ ಶಿದ್ಲಿಂಗಪ್ಪ ತಲೆಗೆ ಬಿಳಿ ಪಟಕಾ ಸುತ್ತಿಕೊಂಡು ತಾನಾಗಿಯೇ ಕ್ಯಾಮೆರಾ ಎದುರು ಬಂದು ಕೂತ.

“ಇವತ್ತ ಆಟದ ಹಾಡು ಬ್ಯಾಡ. ನನ್ನ ಮಲ್ಲವ್ವನ ಮದುವ್ಯಾಗ ಹಾಡಬೇಕಾದ್ದು ಹಾಡ್ತೇನಿ. ಅವತ್ತ ನನಗ ದನಿ ಇರಂಗಿಲ್ಲ.”

ಮದುಮಕ್ಕಳಿಗೆ ಅಕ್ಷತೆ ಹಾಕುವಾಗ ಹಾಡುವ ಅಕ್ಕಿಕಾಳಿನ ಹಾಡು ಹಾಡಿದ. ಕೊನೆಗೆ ಕ್ಯಾಮೆರಾದ ಕಣ್ಣನ್ನೇ ನೇರ ನೋಡಿ, “ಅಳ್ಯಾರ, ನನ್ನ ಮಗಳು ಸಿಟ್ಟು ಬಂದ್ರ ಮಾತಾಡಂಗಿಲ್ಲ. ಅವಾಗ ಆಕಿನ್ನ ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ್ರಿ,” ಎಂದ.

ಮಲ್ಲಿಕಾಳಿಗೆ ತಡೆಯಲಾಗಲಿಲ್ಲ. ಬಾಯಿಗೆ ಓಢಣಿ ಒತ್ತಿ ಹಿತ್ತಲಿಗೆ ಓಡಿದಳು.

ಮುಖ ತೊಳೆದು ಬಂದಾಗ ಸಾಗರ ಬೈಕಿನ ಹತ್ತಿರ ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಕ್ಯಾಮೆರಾ ನಿಮ್ಮ ಹತ್ರಾನ ಇರ್ಲಿ. ನೀವು ಈಗ ಚೊಲೋ ಕಲ್ತೀರಿ… ನಾ ಬರೂದು ಬೇಕಾಗಿಲ್ಲ.”

“ಯಾಕ್ರಿ? ಏನಾತು?”

“ಏನಿಲ್ಲ. ಒಳ್ಳೇದಾಗ್ಲಿ ನಿಮಗ.”

ಬೈಕು ಹೋಯಿತು. ಮಲ್ಲಿಕಾ ಅಂಗಳದಲ್ಲೇ ನಿಂತಳು. ಒಳ್ಳೆಯದಾಗಲಿ… ಯಾವುದಕ್ಕೆ? ಒಬ್ಬ ಮನುಷ್ಯ ಇಷ್ಟು ಹತ್ತಿರ ಬಂದು ಹೀಗೆ ಒಂದೇ ಮಾತಿನಲ್ಲಿ ಹೋಗಬಹುದೇ?!

*

ಆಪರೇಷನ್ ಚೆನ್ನಾಗಿ ಆಯಿತು. ಶಿದ್ಲಿಂಗಪ್ಪ ಮನೆಗೆ ಬಂದ. ಕತ್ತಿನಲ್ಲಿ ಉಸಿರಾಡಲು ಮಾಡಿದ ರಂಧ್ರಕ್ಕೆ ಬಿಳಿ ಬಟ್ಟೆಯ ಮರೆ. ಮಗಳನ್ನು ಕರೆಯಬೇಕಾದರೆ ಕುರ್ಚಿಯ ಕೈ ಬಡಿಯುತ್ತಿದ್ದ. ಹಾಡಿನ ಮನೆ ಸುಮ್ಮನಾಗಿತ್ತು.

ಒಂದು ದಿನ ಅವನು ಕ್ಯಾಮೆರಾ ತೋರಿಸಿ, ಖಾಲಿ ಕಟ್ಟೆ ತೋರಿಸಿ, ಕೈ ಆಡಿಸಿದ. ಆ ಹುಡುಗ ಎಲ್ಲಿ?

“ಅವ್ರದು ಮದುವಿ ಐತಪ್ಪ,” ಎಂದಳು ಮಲ್ಲಿಕಾ. “ಕ್ಯಾಮೆರಾ ವಾಪಸ್ ಕೊಟ್ಟು ಬರ್ತೇನಿ.”

ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಚೀಲ ಹಿಡಿದು ದುಂಡಸಿಗೆ ಹೋದಳು. ಈ ಸಲ ಹೊನ್ನವ್ವ ‘ಬಾ’ ಅನ್ನಲಿಲ್ಲ.

“ಮದುವಿ ಕರಿಯಾಕ ಬಂದಿಯೇನವ್ವ?”

“ಯಾರ ಮದುವಿ?!”

“ನಿಂದ! ನನ್ನ ಮಗ ನಿನ್ನ ಸಲುವಾಗಿ ಶೀಲಾನ್ನ ಒಲ್ಲೆ ಅಂದ. ಆಮ್ಯಾಲೆ ನೋಡಿದ್ರ ನಿನಗ ಗಂಡು ಗೊತ್ತಾಗೇತಂತ! ನಿಮ್ಮಪ್ಪ ಅಳಿಯಗ ಹಾಡ ಹಾಡಿ ಹರಸ್ಯಾನಂತ! ಅವತ್ತಿನಿಂದ ಅಂವ ನೆಟ್ಟಗ ಊಟ ಮಾಡಿಲ್ಲ.”

ಮಲ್ಲಿಕಾಳಿಗೆ ಅಂದಿನ ಫೋನಿನ ಮಾತು ನೆನಪಾಯಿತು. ‘ನನ್ನ ಮನಸ್ಸು ನಿಕ್ಕಿ ಆಗೇತಿ’… ಅಂದರೆ ಅವನು ಅಂದು ಬೇಡವೆಂದು ಹೇಳಲು ಹೊರಟಿದ್ದನೇ?! ಮತ್ತು ಅಪ್ಪ ಮುಂದೆಂದೋ ಬರುವ ಅಳಿಯನಿಗೆ ಹೇಳಿದ ಮಾತನ್ನು…

“ಎವ್ವಾ, ನನಗ ಯಾವ ಗಂಡೂ ಗೊತ್ತಾಗಿಲ್ಲ! ಮುಂದ ದನಿ ಇರೂದಿಲ್ಲಂತ ಅಪ್ಪ ಮೊದಲ ಹಾಡಿ ಇಟ್ಟಾನ. ಅಷ್ಟ!”

ಹೊನ್ನವ್ವ ಅವಳನ್ನೇ ನೋಡಿದಳು. ಆಮೇಲೆ ಅವಳ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದಳು. “ನನಗ್ಯಾಕ ಹೇಳ್ತಿ ಹುಚ್ಚಿ? ಅಂವ ಸವಣೂರ ದವಾಖಾನ್ಯಾಗ ಅದಾನ. ಹೋಗು!”

*

ದನದ ದವಾಖಾನೆಯ ಅಂಗಳದಲ್ಲಿ ಸಾಗರ ಒಂದು ಎಮ್ಮೆಯ ಗೊರಸು ನೋಡುತ್ತಿದ್ದ. ಎಮ್ಮೆಯ ಹಗ್ಗ ಹಿಡಿದು ಶಹಾಬುದ್ದೀನ ಎಂಬ ಮುದುಕ ನಿಂತಿದ್ದ. ಮಲ್ಲಿಕಾಳನ್ನು ಕಂಡು ಸಾಗರ ಎದ್ದ.

“ಅಪ್ಪಾರು ಹೆಂಗದಾರ?”

“ಅಪ್ಪ ಆರಾಮ ಅದಾನ. ನಾ ಆರಾಮಿಲ್ಲ.” ಅವಳು ಕ್ಯಾಮೆರಾದ ಚೀಲವನ್ನು ಮೆಟ್ಟಿಲ ಮೇಲಿಟ್ಟಳು. “ನನಗ ಮದುವಿ ಗೊತ್ತಾಗೇತಿ ಅಂತ ನಿಮಗ ಯಾರು ಹೇಳಿದ್ರು? ಒಂದ ಮಾತು ಕೇಳಬಾರದಿತ್ತಾ?”

“ನೀವು ಹಿತ್ತಲಕ್ಕ ಹೋದಾಗ ಅಪ್ಪಾರನ್ನ ಕೇಳಿದೆ. ಮದುವಿ ಯಾವಾಗ ಮಾಸ್ತರ್ರ ಅಂದೆ. ಆಪರೇಷನ್ ಆದ ಮ್ಯಾಲೆ ಮೊದಲನೇ ಕೆಲಸ ಅದ ಅಂದ್ರು…”

“ಗಂಡು ಹುಡುಕೂ ಕೆಲಸ ರೀ ಅದು!”

ಸಾಗರನ ಕೈಯಿಂದ ಔಷಧದ ಹತ್ತಿ ಕೆಳಗೆ ಬಿತ್ತು.

“ನೀವು ಶೀಲಾಗ ಹೂಂ ಅಂದೀರಿ ಅಂತ ನಾ ತಿಳದಿದ್ದೆ,” ಎಂದಳು ಮಲ್ಲಿಕಾ, ಅಳುತ್ತ, ನಗುತ್ತ. “ನೀವು ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಶಹಾಬುದ್ದೀನ ಹಗ್ಗ ಎಳೆದ. “ಡಾಕ್ಟರ್ ಸಾಹೇಬ್ರ, ನನ್ನ ಎಮ್ಮಿಗೆ ಅವಸರಿಲ್ಲ. ಮೊದಲ ಅವ್ರನ್ನ ನೋಡ್ರಿ,” ಎಂದು ಬೇವಿನ ಗಿಡದ ಆಚೆ ಹೋಗಿ ನಿಂತ.

ಸಾಗರ ಒಂದು ಹೆಜ್ಜೆ ಹತ್ತಿರ ಬಂದ.

“ಮಲ್ಲಿಕಾ… ನೀನು ನಮ್ಮ ಮನ್ಯಾಗ ಚಹಾ ಚೆಲ್ಲಿಕೊಂಡು ಕುಂತಿದ್ದಿಯಲ್ಲ, ಅವತ್ತ ನನ್ನ ಮನಸ್ಸು ಹೋಗಿತ್ತು. ನಿಮ್ಮಪ್ಪಾರ ದನಿ ಸಲುವಾಗಿ ಬರ್ತೇನಿ ಅಂತ ನನಗ ನಾನ ಹೇಳ್ಕೊಂತಿದ್ದೆ. ಖರೇ ಹೇಳ್ಬೇಕಂದ್ರ ನಿನ್ನ ಸಲುವಾಗಿ ಬರ್ತಿದ್ದೆ. ನನ್ನ ಮದುವಿ ಆಗ್ತಿಯೇನು?”

ಮಲ್ಲಿಕಾ ಕಣ್ಣೊರೆಸಿಕೊಂಡಳು. ಎಷ್ಟೋ ದಿನಗಳಿಂದ ಮನಸ್ಸಿನಲ್ಲಿ ತುಂಬಿದ್ದ ಗೊಂದಲವೆಲ್ಲ ಕರಗಿ, ಒಂದೇ ಮಾತು ಉಳಿದಿತ್ತು.

“ಆಗ್ತೇನಿ.”

“ಅಪ್ಪಾರಿಗೆ ನಾನ ಬಂದು ಕೇಳ್ತೇನಿ. ಹೂಂ ಅಂತಾರ?”

“ಅನ್ನಾಕ ಬರಂಗಿಲ್ಲಲ್ಲ… ನಿಮ್ಮ ಕೈ ಹಿಡೀತಾನ, ನೋಡ್ರಿ.” ಅವಳು ತಲೆ ತಗ್ಗಿಸಿ ಹೇಳಿದಳು. “ಸಾಗರ, ನಮ್ಮ ಮನಿ ಈಗ ಭಾಳ ಸುಮ್ಮನಾಗೇತಿ. ನೀವು ಒಬ್ರು ಸುಮ್ಮನಿರಬ್ಯಾಡ್ರಿ. ನನ್ನ ಮ್ಯಾಲೆ ಸಿಟ್ಟು ಬಂದ್ರೂ ಬಾಯಿ ಬಿಟ್ಟು ಹೇಳ್ರಿ.”

“ಹೇಳ್ತೇನಿ,” ಎಂದ ಅವನು, ಅವಳ ಕೈ ಹಿಡಿದು. “ದಿನಾ ಹೇಳ್ತೇನಿ. ಸಾಕು ಮಾಡು ಅಂತ ನೀನ ಬೈಬೇಕು, ಅಷ್ಟು ಮಾತಾಡ್ತೇನಿ.”

“ನಾ ಬೈಯಂಗಿಲ್ಲ,” ಎಂದಳು ಮಲ್ಲಿಕಾ. “ಕುಂತು ಕೇಳ್ತೇನಿ.”