ಹದಿನೇಳನೆಯ ಬಿಲ್ಲೆ

ಮಗು ಸಿಕ್ಕಿದ್ದು ಸಂಜೆ ಏಳೂಕಾಲಿಗೆ. ಕಾಡುದಾರಿಯ ಪಕ್ಕದ ಕಲ್ಲುಗುಂಡಿಯಲ್ಲಿ, ಎರಡು ಬಂಡೆಗಳ ನಡುವೆ ಪಾದ ಸಿಕ್ಕಿಕೊಂಡು, ಸೊಂಟದವರೆಗೆ ತಣ್ಣೀರಿನಲ್ಲಿ ಕೂತಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಕಾಲು ಬಿಡಿಸಿ ಕಂಬಳಿ ಸುತ್ತಿದಾಗ ಅವಳು ಅಳಲೂ ಇಲ್ಲ, ನನ್ನ ಕೊರಳು ತಬ್ಬಲೂ ಇಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಶಿಬಿರದ ಲೆಕ್ಕದಲ್ಲಿ ಮಾತ್ರ ಅವಳು ಐದೂ ಹತ್ತಕ್ಕೇ ಕ್ಷೇಮವಾಗಿ ವಾಪಸು ಬಂದಿದ್ದಳು.

ನಾನು ಆ ಬೇಸಿಗೆ ಶಿಬಿರದ ನರ್ಸ್. ಹನ್ನೆರಡು-ಹದಿಮೂರು ವರ್ಷದ ಮೂವತ್ತೊಂದು ಮಕ್ಕಳು, ಹದಿನೈದು ದಿನ. ಒಂದು ದಿನ ಬಂಡೆ ಹತ್ತುವುದು, ಕೆರೆಯಲ್ಲಿ ದೋಣಿ ನಡೆಸುವುದು. ಮರುದಿನ ಊರ ಸೇವೆ. ಆ ವಾರದ ಸೇವೆಯೆಂದರೆ ಗುಡ್ಡದಾಚೆಯ ಪುಟ್ಟ ಶಾಲೆಗೆ ಬಣ್ಣ ಬಳಿಯುವುದು. ಮಕ್ಕಳನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಹೋಗಿ ಬರುತ್ತಿದ್ದವಳು ನನ್ನ ಅಕ್ಕನ ಮಗಳು. ಇಪ್ಪತ್ತೆರಡು ವರ್ಷ, ಅದು ಅವಳ ಮೊದಲ ಕೆಲಸ. ಮಕ್ಕಳು ಅವಳನ್ನು ಲೀಡರಕ್ಕ ಎನ್ನುತ್ತಿದ್ದರು.

ಊಟದ ಹಾಲಿನ ಗೋಡೆಯ ಮೇಲೆ ಎರಡು ಹಲಗೆಗಳಿದ್ದವು, ‘ಹೊರಗೆ’ ಒಂದು, ‘ಒಳಗೆ’ ಇನ್ನೊಂದು. ಪ್ರತಿ ಮಗುವಿಗೂ ನಂಬರಿನ ಮರದ ಬಿಲ್ಲೆ. ವಾಪಸು ಬಂದವರು ಗೇಟಿನ ನಲ್ಲಿಯಲ್ಲಿ ಕೈ ತೊಳೆದು, ತಮ್ಮ ಬಿಲ್ಲೆಯನ್ನು ಹೊರಗಿನ ಹಲಗೆಯಿಂದ ತೆಗೆದು ಒಳಗಿನದಕ್ಕೆ ಹಾಕಬೇಕು. ಮರೆತವರಿಗೆ ಅವತ್ತು ಪಾತ್ರೆ ತೊಳೆಯುವ ಶಿಕ್ಷೆ. ಮೂವತ್ತೊಂದೂ ಒಳಗೆ ಬಂದರೆ ಲೀಡರ್ ಸಹಿ ಹಾಕುತ್ತಾಳೆ, ಗೇಟು ಮುಚ್ಚುತ್ತದೆ. ತಲೆ ಎಣಿಸುವ ಪದ್ಧತಿ ಇರಲಿಲ್ಲ, ಹಲಗೆಯೇ ಎಣಿಸುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಲೆಕ್ಕ ಅದು.

ಆ ದಿನ ಐದೂ ಹತ್ತಕ್ಕೆ ಮೂವತ್ತೊಂದು ಬಿಲ್ಲೆಗಳೂ ಒಳಗಿದ್ದವು. ಅಕ್ಕನ ಮಗಳು ಸಹಿ ಹಾಕಿದಳು. ಆರೂವರೆಗೆ ಊಟಕ್ಕೆ ಕೂತಾಗ ಹದಿನೇಳನೆಯ ನಂಬರಿನ ತಟ್ಟೆ ಖಾಲಿ. ಬಿಲ್ಲೆ ಒಳಗಿದೆಯೆಂದರೆ ಮಗುವೂ ಒಳಗೇ ಇರಬೇಕು ಎಂದುಕೊಂಡು ಅರ್ಧ ಗಂಟೆ ನಾವೆಲ್ಲ ಸ್ನಾನದ ಮನೆ, ಉಗ್ರಾಣ, ಕೆರೆಯ ದಡ ಹುಡುಕಿದೆವು. ಕೊನೆಗೆ ಶಿಬಿರದ ಮುಖ್ಯಸ್ಥರು, ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದವರು, “ಯಾವುದಕ್ಕೂ ದಾರಿ ಕಡೆ ನೋಡಿ” ಎಂದರು. ಅಲ್ಲಿ ಸಿಕ್ಕಳು.

ಹದಿನೇಳರ ಹುಡುಗಿಗೆ ಮಕ್ಕಳು ಇಟ್ಟ ಹೆಸರು ಮರೆಗುಳಿ. ಟೋಪಿ, ಚಮಚ, ಬಿಲ್ಲೆ, ಏನನ್ನಾದರೂ ಮರೆಯದ ದಿನವಿಲ್ಲ. ಎರಡು ದಿನದ ಹಿಂದೆಯಷ್ಟೇ ಬಿಲ್ಲೆ ಹಾಕದೆ ಹೋಗಿ ಮಲಗಿ, ಇಡೀ ಶಿಬಿರವನ್ನು ಹುಡುಕಾಡಿಸಿ, ಆಮೇಲೆ ಪಾತ್ರೆ ತೊಳೆದಿದ್ದಳು. ಈಗ ಅವಳ ಕಾಲಿನ ಮೂಳೆ ಮುರಿದಿತ್ತು. ಕೂಡುತ್ತದೆ ಎಂದು ಡಾಕ್ಟರು ಪಟ್ಟಿ ಕಟ್ಟಿ ಹೋಗಿದ್ದರು.

ಮರುದಿನ ಬೆಳಿಗ್ಗೆ ಅಕ್ಕನ ಮಗಳು ನನ್ನ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಮುಂದೆ ಒಂದು ಕಾಗದ. ‘ಹದಿನೇಳನೆಯ ಬಿಲ್ಲೆಯನ್ನು ನೋಡದೆ ನಾನೇ ಒಳಗೆ ಹಾಕಿರಬೇಕು’ ಎಂದು ಅವಳದೇ ಅಕ್ಷರ.

“ಹಾಕಿದ್ದು ನೆನಪಿದೆಯಾ?” ಎಂದೆ.

“ಇಲ್ಲ ಚಿಕ್ಕಮ್ಮ. ಆದ್ರೆ ಇನ್ಯಾರು ಹಾಕ್ತಾರೆ?”

ನಾಲ್ಕು ಗಂಟೆಗೆ ಮಗುವಿನ ತಾಯಿ ಬರುವವರಿದ್ದರು. ಆ ಕಾಗದ ಅವರ ಕೈಗೆ ಹೋದರೆ ಇವಳು ಇನ್ನು ಜೀವಮಾನದಲ್ಲಿ ಮಕ್ಕಳ ಕೆಲಸಕ್ಕೆ ಸೇರುವ ಹಾಗಿಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರಿಗೂ ಏನೂ ಅನ್ನಿಸುತ್ತಿರಲಿಲ್ಲ. ಇಪ್ಪತ್ತು ವರ್ಷ ನರ್ಸ್ ಆಗಿರುವವಳಿಗೆ ಮೊದಲು ಕೈ ಕೆಲಸ ಮಾಡುತ್ತದೆ, ಮನಸ್ಸು ವಾರ ಬಿಟ್ಟು ಬರುತ್ತದೆ. ಅವಳಿಗೆ ಏನಾಗಿತ್ತೋ ತಿಳಿಯದು. ತುಟಿ ಒಣಗಿತ್ತು, ಕಣ್ಣೂ ಒಣಗಿತ್ತು.

ನಾನು ಎದ್ದು ಟೀಸಿ ತಾತನ ಬಳಿ ಹೋದೆ.

ಟೀಸಿ ತಾತ ಶಿಬಿರದ ಉಗ್ರಾಣದವರು. ಹಗ್ಗ, ಹೆಲ್ಮೆಟ್ಟು, ಬಣ್ಣದ ಡಬ್ಬಿ ಎಲ್ಲ ಅವರ ಸುಪರ್ದಿ. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವರು. ನಾಲ್ಕು ಬೇಸಿಗೆ ಅವರ ಜೊತೆ ಕೆಲಸ ಮಾಡಿದ್ದೇನೆ. ಕಾಣೆಯಾದ ದುರ್ಬೀನು, ಕತ್ತರಿಸಿದ ಡೇರೆ, ಒಂದರ ಗುಟ್ಟೂ ಅವರ ಕೈ ತಪ್ಪಿದ್ದಿಲ್ಲ. ನಾನು ಹೇಳಿದ್ದನ್ನೆಲ್ಲ ಹಗ್ಗ ಸುತ್ತುತ್ತಲೇ ಕೇಳಿಸಿಕೊಂಡರು.

“ಸಿಸ್ಟರ್, ಟಿಕೆಟ್ ಇರೋನು ಕೇಳಿದ ತಕ್ಷಣ ಗಾಬರಿಯಾಗಿ ಜೇಬೆಲ್ಲ ತಡಕ್ತಾನೆ. ಇಲ್ದೋನು ಆರಾಮಾಗಿ ಕಿಟಕಿ ಆಚೆ ನೋಡ್ತಿರ್ತಾನೆ. ನಿಮ್ಮ ಹುಡುಗಿ ಜೇಬು ತಡಕ್ತಾ ಇದಾಳೆ. ಬನ್ನಿ, ಬಿಲ್ಲೆ ನೋಡೋಣ.”

ಹದಿನೇಳನೆಯ ಬಿಲ್ಲೆಯ ಅಂಚಿನಲ್ಲಿ ಕಡುಹಸಿರಿನ ಒಂದು ಕಲೆಯಿತ್ತು. ದೊಡ್ಡ ಸರ್ ಅದನ್ನು ಆಗಲೇ ನೋಡಿದ್ದರು. “ಹಾವಸೆ. ದಾರೀಲಿ ಕಲ್ಲು ಹಿಡ್ಕೊಂಡು ಮಕ್ಕಳನ್ನ ಇಳಿಸೋದು ಅವಳೇ ತಾನೆ” ಎಂದಿದ್ದರು. ತಾತ ಉಳಿದ ಮೂವತ್ತನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲವೂ ಸ್ವಚ್ಛ. ನನ್ನಿಂದ ಹತ್ತಿ ಕೇಳಿ, ಒದ್ದೆ ಮಾಡಿ ಕಲೆಯನ್ನು ಉಜ್ಜಿದರು. ಹೋಗಲಿಲ್ಲ. ಉಗ್ರಾಣದಿಂದ ಸೀಮೆಎಣ್ಣೆ ತಂದು ಉಜ್ಜಿದರು. ಹತ್ತಿ ಹಸಿರಾಯಿತು. ಅದನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಅಡುಗೆಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. “ನಿನ್ನೆ ಐದು ಗಂಟೆಗೆ ನಾನು ಸಿಪ್ಪೆ ಚೆಲ್ಲೋಕೆ ಬಂದಾಗ ಹೊರಗಿನ ಹಲಗೇಲಿ ಒಂದೇ ಒಂದು ನೇತಾಡ್ತಿತ್ತು. ಯಾರೋ ಮತ್ತೆ ಪಾತ್ರೆಗೆ ಸಿಕ್ಕಿದ್ರು ಅಂತ ಖುಷಿಪಟ್ಟೆ. ಜೀಪು ಬಂದ ಸದ್ದಾಯ್ತು, ಒಳಗೆ ಹೋದೆ. ಮತ್ತೆ ಬಂದಾಗ ಅದೂ ಇರ್ಲಿಲ್ಲ. ನನ್ನ ಅದೃಷ್ಟ ಯಾವತ್ತು ನೆಟ್ಟಗಿತ್ತು.”

ನನಗೆ ಅನುಮಾನ ಬಂದದ್ದು ಮರೆಗುಳಿಯ ಜೊತೆಗಾತಿಯ ಮೇಲೆ. ಗುಬ್ಬಿ ಎಂದು ಕರೆಯುತ್ತಿದ್ದ ಪುಟ್ಟ ಹುಡುಗಿ. ಗೆಳತಿಗೆ ಶಿಕ್ಷೆ ತಪ್ಪಲಿ ಎಂದು ಇವಳೇ ಹಾಕಿರಬಹುದು. ತಾತ ಅವಳನ್ನು ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು.

“ನಾನು ಹಾಕಿಲ್ಲ ತಾತ. ಅವಳು ಹಿಂದಿನ ಗುಂಪಲ್ಲಿ ಬರ್ತಿದಾಳೆ ಅಂದ್ಕೊಂಡೆ.”

“ಆಯ್ತು ಪುಟ್ಟಿ. ನಿನ್ನೆ ಬಣ್ಣ ಎಲ್ಲ ಮುಗೀತಾ?”

“ಗೋಡೆ ಮುಗೀತು. ನೀಲಿ ಬಣ್ಣ, ನೀರಲ್ಲಿ ತೊಳೆದ್ರೆ ಹೋಗುತ್ತೆ, ಅಲ್ಲೇ ತೊಳ್ಕೊಂಡ್ವಿ. ಬಾಗಿಲು ಮಾತ್ರ ಬಾಕಿಯಿತ್ತು. ನಾವು ಹೊರಡೋ ಹೊತ್ತಿಗೆ ದೊಡ್ಡ ಸರ್ ಜೀಪಲ್ಲಿ ಬಂದ್ರು. ಕೊನೇ ಕೆಲಸ ನಂದೇ, ಫೋಟೋ ತೆಗೀಬೇಕು ಅಂದ್ರು. ಕಲ್ಲುಗುಂಡಿ ಹತ್ರ ನನ್ನ ನೀರಿನ ಬಾಟ್ಲಿ ಬಿಟ್ಟು ಬಂದಿದ್ದೆ. ಅದೂ ಹೋಯ್ತು.”

“ಹೋಗಿಲ್ಲ, ಸಿಗುತ್ತೆ” ಎಂದು ತಾತ ಅವಳ ತಲೆ ನೇವರಿಸಿದರು.

ಆಮೇಲೆ ಬಿಸ್ಕತ್ತಿನ ಡಬ್ಬಿ ಹಿಡಿದು ಹೊರಟರು. ಅದರ ಕತೆ ಹೇಳಬೇಕು. ನಮ್ಮ ಶಿಬಿರದಲ್ಲಿ ‘ಗುಟ್ಟಿನ ಉಪಕಾರ’ ಎಂಬ ಪದ್ಧತಿಯಿತ್ತು. ಬೆಳಿಗ್ಗೆ ಎಲ್ಲರೂ ಡಬ್ಬಿಯಿಂದ ಒಂದೊಂದು ಚೀಟಿ ಎತ್ತಬೇಕು. ಅದರಲ್ಲಿ ಯಾರ ನಂಬರು ಇದೆಯೋ ಅವರಿಗೆ ಆ ದಿನ ಗೊತ್ತಾಗದಂತೆ ಒಂದು ಉಪಕಾರ ಮಾಡಬೇಕು. ಯಾರಿಗೂ ಹೇಳಬಾರದು, ಹೇಳಿದರೆ ಅದು ಉಪಕಾರವಲ್ಲ. ಈ ನಿಯಮ ಮಾಡಿದವರು ದೊಡ್ಡ ಸರ್. ಮಕ್ಕಳ ಜೊತೆ ಅವರು, ನಾನು, ತಾತ, ಅಕ್ಕನ ಮಗಳು, ನಾಲ್ವರು ದೊಡ್ಡವರೂ ನಂಬರು ಇಟ್ಟುಕೊಂಡು ಚೀಟಿ ಎತ್ತುತ್ತಿದ್ದೆವು. ಅಡುಗೆಯವನೊಬ್ಬ, “ದಿನಾ ಮೂರು ಹೊತ್ತು ಉಪಕಾರ ಮಾಡ್ತಾನೇ ಇದೀನಿ, ಗುಟ್ಟಾಗೇನಿಲ್ಲ” ಎಂದು ತಪ್ಪಿಸಿಕೊಂಡಿದ್ದ. ಸಂಜೆ ಊಟ ಆದ ಮೇಲೆ ಚೀಟಿಗಳು ಡಬ್ಬಿಗೆ ವಾಪಸಾಗುತ್ತಿದ್ದವು. ನಿನ್ನೆಯ ಗಲಾಟೆಯಲ್ಲಿ ಅದು ಆಗಿರಲಿಲ್ಲ.

ತಾತ ಮಕ್ಕಳ ಹತ್ತಿರವೆಲ್ಲ ಹೋದರು, ನನ್ನ ಹತ್ತಿರವೂ ಬಂದರು. ಮರೆಗುಳಿಯ ಒದ್ದೆ ಚಡ್ಡಿಯ ಜೇಬಿನಿಂದ ಅಂಟಿಕೊಂಡ ಚೀಟಿಯನ್ನು ನಾನೇ ಬಿಡಿಸಿ ಕೊಟ್ಟೆ. ಕೊನೆಗೆ ಆಫೀಸಿಗೆ ಹೋದರು. ದೊಡ್ಡ ಸರ್ ಫೋನಿನಲ್ಲಿದ್ದರು, “ಚೀಟಿನಾ? ಎಲ್ಲೋ ಬಿದ್ದುಹೋಯ್ತು ಟೀಸಿಯವರೇ, ಈಗ ಅದೆಲ್ಲಾ ಯಾಕೆ” ಎಂದು ಕಿಟಕಿಯಾಚೆ ನೋಡುತ್ತ ಮಾತು ಮುಂದುವರಿಸಿದರು.

ನಾಲ್ಕು ಗಂಟೆಗೆ ಮಗುವಿನ ತಾಯಿ ಬಂದರು. ಮೊದಲು ಮಗಳ ಬಳಿ ಕೂತು, ಆಮೇಲೆ ಊಟದ ಹಾಲಿಗೆ ಬಂದರು. ಉದ್ದ ಮೇಜಿನ ಒಂದು ತುದಿಯಲ್ಲಿ ಅವರು, ಎದುರಿಗೆ ದೊಡ್ಡ ಸರ್, ನಡುವೆ ನಾನು, ಅಕ್ಕನ ಮಗಳು, ಅಡುಗೆಯವನು, ಗುಬ್ಬಿ, ತಾತ. ದೊಡ್ಡ ಸರ್ ಎಡಗೈಯಿಂದ ಆ ಕಾಗದವನ್ನು ತಾಯಿಯ ಕಡೆ ಸರಿಸುತ್ತಿದ್ದಂತೆ ಟೀಸಿ ತಾತ ಎದ್ದು ನಿಂತರು.

“ಒಂದು ಹತ್ತು ನಿಮಿಷ ಕೊಡಿ ಸರ್. ಅಮ್ಮಾ, ಮೊದ್ಲು ನಿಮ್ಮ ಮಗಳು ಯಾಕೆ ಹಿಂದೆ ಉಳಿದ್ಲು ಹೇಳ್ತೀನಿ. ಅವಳ ಜೇಬಲ್ಲಿದ್ದ ಚೀಟೀಲಿ ಗುಬ್ಬಿ ನಂಬರಿತ್ತು. ಗುಬ್ಬಿ ಬಾಟ್ಲಿ ಬಿಟ್ಟಿದ್ದು ನೋಡಿ, ಗುಟ್ಟಾಗಿ ತಂದ್ಕೊಡೋಣ ಅಂತ ಹಿಂದಕ್ಕೆ ಓಡಿದಾಳೆ. ಗುಟ್ಟಲ್ವಾ, ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಜಾರಿ ಬಿದ್ಲು. ಬಾಟ್ಲಿ ಗುಂಡಿ ಪಕ್ಕಾನೇ ಇತ್ತು, ಮಧ್ಯಾಹ್ನ ಹೋಗಿ ತಂದೆ.”

ಬಾಟಲಿಯನ್ನು ಗುಬ್ಬಿಯ ಮುಂದಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ.

“ಇನ್ನು ಬಿಲ್ಲೆ. ಐದು ಗಂಟೆಗೆ ಅದು ಹೊರಗಿತ್ತು, ಅಡುಗೆಯವನು ನೋಡಿದಾನೆ. ಐದೂ ಹತ್ತಕ್ಕೆ ಒಳಗಿತ್ತು. ಅದರ ಮೇಲೆ ಹಸಿರು ಕಲೆ. ಹಾವಸೆ ಆಗಿದ್ರೆ ನೀರಿಗೆ ಹೋಗ್ಬೇಕು, ಹೋಗ್ಲಿಲ್ಲ. ಸೀಮೆಎಣ್ಣೆಗೆ ಹೋಯ್ತು. ಅಂದ್ರೆ ಎಣ್ಣೆ ಬಣ್ಣ. ಮಕ್ಕಳು ಬಳಿದಿದ್ದು ನೀಲಿ, ನೀರಿನ ಬಣ್ಣ. ಹಸಿರು ಎಣ್ಣೆ ಬಣ್ಣ ಶಾಲೆ ಬಾಗಿಲಿಗೆ ಅಂತ ಒಂದೇ ಡಬ್ಬಿ ಇತ್ತು. ಸೀಲು ಒಡೀದೆ ನಿನ್ನೆ ಮಧ್ಯಾಹ್ನ ಊಟ ಆದ್ಮೇಲೆ ಜೀಪಿಗೆ ಕೊಟ್ಟವನು ನಾನೇ. ಮಕ್ಕಳು, ಈ ಲೀಡರ್ ಹುಡುಗಿ, ಎಲ್ಲಾ ಅಲ್ಲಿಂದ ಹೊರಟಾಗ ಬಾಗಿಲಿಗಿನ್ನೂ ಬಣ್ಣ ಬಿದ್ದಿರ್ಲಿಲ್ಲ. ಆ ಡಬ್ಬಿ ತೆರೆದ ಕೈ ಒಂದೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡ ಸರ್ ಬಲಗೈ ಅಷ್ಟು ಹೊತ್ತೂ ಮೇಜಿನ ಕೆಳಗಿತ್ತು. ಈಗ ಎಡಗೈಯೂ ಅಲ್ಲಿಗೇ ಹೋಯಿತು.

“ಬಣ್ಣ ಯಾರಿಗಾದ್ರೂ ತಾಗಬಹುದು ಟೀಸಿಯವರೇ” ಎಂದರು.

“ತಾಗಬಹುದು. ಅದಕ್ಕೇ ಚೀಟಿ ಎಣಿಸಿದೆ. ಮಕ್ಕಳು ಮೂವತ್ತೊಂದು, ನಾವು ನಾಲ್ಕು, ಒಟ್ಟು ಮೂವತ್ತೈದು. ಡಬ್ಬಿಗೆ ಬಂದಿದ್ದು ಮೂವತ್ನಾಲ್ಕು. ಬರದೇ ಇರೋ ನಂಬರು ಹದಿನೇಳು. ಕೊಡದೇ ಇರೋರು ನೀವೊಬ್ರು.” ತಾತನ ದನಿ ಏರಲಿಲ್ಲ. “ನಿಮಗೆ ಅವಳ ಚೀಟಿ ಬಂದಿತ್ತು. ಜೀಪು ನಿಲ್ಲಿಸಿ ಒಳಗೆ ಬಂದ್ರಿ. ಒಂದು ಬಿಲ್ಲೆ ನೇತಾಡ್ತಿದೆ, ನೋಡಿದ್ರೆ ಮರೆಗುಳೀದೇ. ಮತ್ತೆ ಮರೆತು ಮಲಗಿದಾಳೆ, ಪಾತ್ರೆ ತೊಳೆಯೋದು ತಪ್ಪಲಿ ಅಂತ ಒಳಗೆ ಹಾಕಿದ್ರಿ. ಇವತ್ತಿನ ಉಪಕಾರ ಆಯ್ತು ಅಂದ್ಕೊಂಡ್ರಿ.”

ತಾತ ಹಸಿರು ಹತ್ತಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

“ಅಲ್ಲೀವರೆಗೆ ನಿಮ್ಮದು ತಪ್ಪಲ್ಲ ಅಂತ್ಲೇ ಹೇಳ್ತೀನಿ. ಆದ್ರೆ ಆರೂವರೆಗೆ ತಟ್ಟೆ ಖಾಲಿ ಇದ್ದಾಗ ನಿಮಗೆ ಗೊತ್ತಾಯ್ತು. ನಾವೆಲ್ಲ ಬಿಲ್ಲೆ ನಂಬ್ಕೊಂಡು ಕೆರೆ ದಡ ಹುಡುಕ್ತಿದ್ವಿ. ದಾರಿ ಕಡೆ ನೋಡಿ ಅಂದವರು ನೀವೊಬ್ರೇ, ಯಾಕಂದ್ರೆ ಬಿಲ್ಲೆ ಸುಳ್ಳು ಅಂತ ಗೊತ್ತಿದ್ದವರು ನೀವೊಬ್ರೇ. ಅಷ್ಟು ಹೇಳೋಕೆ ಅರ್ಧ ಗಂಟೆ ತಗೊಂಡ್ರಿ. ಮಗು ಅರ್ಧ ಗಂಟೆ ಜಾಸ್ತಿ ನೀರಲ್ಲಿ ಕೂತಿತ್ತು.”

ದೊಡ್ಡ ಸರ್ ಬಲಗೈಯನ್ನು ಮೇಲೆ ತಂದು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಉಗುರಿನ ಸುತ್ತ ಹಸಿರು ಇನ್ನೂ ಇತ್ತು.

“ಹೇಳಬಾರದು ಅಂತ ನಿಯಮ” ಎಂದರು. ಆ ಮಾತು ತಮಗೇ ಕೇಳಿಸಿದ ಮೇಲೆ ಚೀಟಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದರು. “ಇಲ್ಲ, ಅದಲ್ಲ. ಹೆದರಿದೆ. ಇಪ್ಪತ್ತು ವರ್ಷದಿಂದ ನಡೆಸ್ತಿರೋ ಶಿಬಿರ. ಇವಳು ಚಿಕ್ಕವಳು, ಎಲ್ಲಾದ್ರೂ ಬದುಕ್ಕೋತಾಳೆ ಅನ್ನಿಸ್ತು.”

ಮಗುವಿನ ತಾಯಿ ಆ ಕಾಗದವನ್ನು ಓದದೆಯೇ ಬೋರಲು ಹಾಕಿದರು. ನಾನು ಅಕ್ಕನ ಮಗಳ ಕಡೆ ನೋಡಿದೆ. ಅವಳು ಅಂದು ಮೊದಲ ಸಲ ತಲೆಯೆತ್ತಿದ್ದಳು.

“ಸರ್, ಬೆಳಿಗ್ಗೆ ನೀವೇ ನಂಗೆ ಟೀ ತಂದ್ಕೊಟ್ರಿ” ಎಂದಳು. “ಪಕ್ಕದಲ್ಲಿ ಕೂತ್ರಿ. ಒಪ್ಕೊಂಡು ಬರೆದುಬಿಡು, ಮನಸ್ಸು ಹಗುರ ಆಗುತ್ತೆ ಅಂದ್ರಿ. ಆಗ್ಲೂ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

ಅವಳು ಸರಿ ಎನ್ನುವಂತೆ ತಲೆಯಾಡಿಸಿದಳು.

“ನಾನು ನಂಬಿಬಿಟ್ಟಿದ್ದೆ ಸರ್. ಬರೀತಾ ಬರೀತಾ ನಾನೇ ಹಾಕಿದ ಹಾಗೆ ಕಣ್ಣಿಗೆ ಕಟ್ಟೋಕೆ ಶುರುವಾಯ್ತು. ಬಿಲ್ಲೆ ಕೈಯಲ್ಲಿ ಹಿಡಿದಿದ್ದು, ಕೊಕ್ಕೆಗೆ ಸಿಕ್ಕಿಸಿದ್ದು, ಎಲ್ಲಾ. ತಾತ ಇಲ್ದೆ ಇದ್ದಿದ್ರೆ ಸಾಯೋವರೆಗೂ ನಾನು ಹಾಗೇ ಅಂದ್ಕೊಂಡಿರ್ತಿದ್ದೆ.”

ಮಗುವಿನ ತಾಯಿ ಎದ್ದು ಮೇಜು ಸುತ್ತಿ ಬಂದು ಅವಳ ಪಕ್ಕ ಕೂತರು. ಇವಳು ಗುರುತಿಲ್ಲದ ಆ ಹೆಂಗಸಿನ ಹೆಗಲಿಗೆ ತಲೆಯಿಟ್ಟು, ಚಿಕ್ಕ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು. ತಾತ ನನ್ನ ಕಡೆ ನೋಡಿದರು, ಹೋಗಿ ಸಮಾಧಾನ ಮಾಡಿ ಎನ್ನುವ ಹಾಗೆ. ನಾನು ಹೋಗಲಿಲ್ಲ. ಅಳಲಿ ಅನ್ನಿಸಿತು. ನಿನ್ನೆ ಸಂಜೆಯಿಂದ ನನಗೆ ಅನ್ನಿಸಿದ್ದು ಅದೊಂದೇ.