ಹತ್ತನೇ ಗೆರೆ

"ಇಲ್ಲಿ ಕಾರ್ಡು ಬರೆದ ನೀಲಗಂಗಾ ಅಂದ್ರೆ ಯಾರು?"

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಆ ಪುಟ್ಟ ನರ್ಸಿಂಗ್ ಹೋಮಿನ ಬಾಗಿಲಲ್ಲಿ ನಿಂತು ಕೂಗಿದವನ ತೋಳುಗಳಲ್ಲಿ ಒಬ್ಬ ಹೆಂಗಸು ಪ್ರಜ್ಞೆಯಿಲ್ಲದೆ ಜೋತುಬಿದ್ದಿದ್ದಳು. ಎಂಬತ್ತಮೂರನೇ ಇಸವಿಯ ಒಂದು ಭಾನುವಾರ, ಬೆಳಗಿನ ಒಂಬತ್ತು ಗಂಟೆ.

"ನಾನರಿ," ಎಂದು ಎದ್ದ ನರ್ಸ್ ನೀಲಗಂಗಾ ಅವನ ಮುಖ ನೋಡಲಿಲ್ಲ. ಆ ಹೆಂಗಸಿನ ಹಣೆಯ ಬೆವರು ನೋಡಿದಳು, ನಡುಗುವ ಬೆರಳು ನೋಡಿದಳು. ಗುರುತು ಹತ್ತಿತು. ದಮಯಂತಿಯಮ್ಮ... ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾಗಿ ಹನ್ನೆರಡು ದಿನದ ಹಿಂದಷ್ಟೇ ಮನೆಗೆ ಹೋದವರು. ಅವರ ಕಾರ್ಡು ಬರೆದುಕೊಟ್ಟವಳು ತಾನೇ.

"ಎಂತ ಹೇಳಿ ಕಳಿಸಿದ್ದು ನೀವು? ಇಲ್ಲಿ ಹೇಳಿದ ಹಾಗೇ ಚುಚ್ಚಿದ್ದು ನಾನು. ನೋಡಿ ಈಗ ನನ್ನ ಅಮ್ಮನನ್ನು..."

"ಬೈಯೂದು ಆಮೇಲೆ ಬೈರಿ. ಮೊದಲ ಮಲಗಸ್ರಿ."

ಹಿರಿಯ ನರ್ಸ್ ಚಂದ್ರಬಾಯಿಗೆ ಡಾಕ್ಟರಿಗೆ ಫೋನ್ ಮಾಡಲು ಹೇಳಿ, ನೀಲಗಂಗಾ ದೊಡ್ಡ ಸಿರಿಂಜಿನ ತುಂಬ ಗ್ಲೂಕೋಸ್ ಎಳೆದು ಮೆಲ್ಲಗೆ ನರಕ್ಕೆ ಬಿಟ್ಟಳು. ಮೈಯಲ್ಲಿ ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ.

ದಮಯಂತಿಯಮ್ಮ ಕಣ್ಣು ಬಿಟ್ಟರು. ಸುತ್ತ ನೋಡಿದರು.

"ಮಗಾ, ಚಾ ಕುಡಿದ್ಯಾ?"

ಮಗ ಲೀಲಾಧರ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಎಂಐಡಿಸಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರ ಕ್ಯಾಂಟೀನ್ ನಡೆಸುವವನು. ಊರು ಉಡುಪಿ ಕಡೆ, ಹುಟ್ಟಿದ್ದು ಬೆಳೆದದ್ದು ಇಲ್ಲೇ.

"ಎಷ್ಟು ಎಳದ್ರಿ ಸಿರಿಂಜಿನ್ಯಾಗ?" ನೀಲಗಂಗಾ ಕೇಳಿದಳು.

"ಹತ್ತನೇ ಗೆರೆವರೆಗೆ. ಇದೇ ಆಸ್ಪತ್ರೆಯಲ್ಲಿ ಹೇಳಿದ್ದು."

ಚಂದ್ರಬಾಯಿ ಸೂಜಿ ಕುದಿಯುವ ಪಾತ್ರೆಯ ಕಡೆಗೆ ಮುಖ ತಿರುಗಿಸಿದಳು.

"ಬಾಟಲಿ ಹೊಸದೇನ್ರಿ?"

"ನಿನ್ನೆ ತಂದೆ. ಅಂಗಡಿಯವ ಮೊದಲಿನದು ಖಲಾಸ್ ಅಂದ. ಇದೂ ಅದೇ ಔಷಧ ಅಂತ ಕೊಟ್ಟ."

ನೀಲಗಂಗಾಳಿಗೆ ಅರ್ಥವಾಯಿತು. ಆಗ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತಿತ್ತು, ನಲವತ್ತು ಮತ್ತು ಎಂಬತ್ತು. ತೆಳು ಡಿಕಾಕ್ಷನ್, ಎರಡರಷ್ಟು ಗಟ್ಟಿ ಡಿಕಾಕ್ಷನ್ ಇದ್ದ ಹಾಗೆ. ಸಿರಿಂಜು ಮಾತ್ರ ಒಂದೇ; ನಲವತ್ತರದ್ದಾದರೆ ಒಂದು ಗೆರೆಗೆ ಎರಡು ಯೂನಿಟ್, ಎಂಬತ್ತರದ್ದಾದರೆ ನಾಲ್ಕು. ಎಂಬತ್ತರ ಬಾಟಲಿಯಿಂದ ಹತ್ತು ಗೆರೆ ಎಳೆದರೆ ಒಳಗೆ ಹೋಗುವುದು ದುಪ್ಪಟ್ಟು.

"ಕಾರ್ಡಿನ್ಯಾಗ ಬರದೀನಲ್ರಿ ನಾನು. ಓದೀರೇನು ಇಲ್ಲೋ?"

ಲೀಲಾಧರ ಒಂದು ಕ್ಷಣ ತಡವರಿಸಿದ. ವಾರ್ಡಿನ ಆರೂ ಹಾಸಿಗೆಯವರು ಅವನನ್ನೇ ನೋಡುತ್ತಿದ್ದರು.

"ಓದಿದ್ದೇನೆ," ಅಂದ.

ಓದಿಯೂ ಹೀಗೆ ಮಾಡಿದನೇ? ಮಾಡಿ, ತಪ್ಪು ನನ್ನ ತಲೆಗೆ ಕಟ್ಟುತ್ತಿದ್ದಾನೆಯೇ? ನೀಲಗಂಗಾಳಿಗೆ ಮೈಯೆಲ್ಲ ಉರಿದುಹೋಯಿತು.

* * *

ಡಾಕ್ಟರ್ ಮೋಹನದಾಸ ಮಧ್ಯಾಹ್ನ ಅವಳನ್ನು ಕ್ಯಾಬಿನ್ನಿಗೆ ಕರೆದು ಒಂದು ಕಾಗದ ಮುಂದಿಟ್ಟರು. 'ರೋಗಿಗೆ ತಪ್ಪು ತಿಳಿಸಿದ್ದು ನಾನೇ, ನರ್ಸ್ ನೀಲಗಂಗಾ' ಎಂದು ಅದರಲ್ಲಿತ್ತು.

"ಸಹಿ ಮಾಡು," ಎಂದರು ಹಿಂದಿಯಲ್ಲಿ. "ಆ ಹುಡುಗ ಪೊಲೀಸ್ ಅಂತ ಹಾರಾಡ್ತಿದಾನೆ. ಇದನ್ನ ತೋರಿಸಿ ಸಮಾಧಾನ ಮಾಡ್ತೀನಿ."

"ನಾನು ಕಾರ್ಡಿನ್ಯಾಗ ಎಲ್ಲಾ ಬರದೀನ್ರಿ, ಸರ್."

"ಕನ್ನಡದಲ್ಲಿ. ಬರೆದವಳು ನೀನು, ಓದಿ ಹೇಳುವವಳೂ ನೀನೇ. ಯಾರು ನಂಬ್ತಾರೆ? ಓದಿದ ಮೇಲೇ ಚುಚ್ಚಿದೆ ಅಂತ ಅವನೇ ಹೇಳ್ತಿದಾನಲ್ಲ."

"ಸಹಿ ಮಾಡಿದ್ರ ನಾಳೆ ಯಾವ ದವಾಖಾನಿ ನನ್ನ ಒಳಗ ಬಿಟ್ಕೊಳ್ತದ?"

"ಬುಧವಾರದವರೆಗೆ ಟೈಮ್ ಇದೆ. ಮಾಡದಿದ್ರೆ ಆಮೇಲೆ ಇಲ್ಲಿಗೂ ಬರಬೇಡ."

ಹೊರಗೆ ಚಂದ್ರಬಾಯಿ ಕಾಯುತ್ತಿದ್ದಳು. "ಅಗ ನೀಲಾ, ಸಹಿ ಮಾಡಿಬಿಡಗ. ಸಾಹೇಬರು ಮರೀತಾರ."

"ಹತ್ತು ಗೆರಿ ಅಂತ ಹೇಳಿದವ್ರು ಯಾರು, ಬಾಯಿ?"

ಚಂದ್ರಬಾಯಿ ಸೂಜಿಯ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು.

ಆ ಸಂಜೆ ಕಲ್ಯಾಣದ ಮನೆಗೆ ಮರಳುವ ಗಾಡಿಯಲ್ಲಿ ನೂಕುನುಗ್ಗಲಿನ ನಡುವೆ ನಿಂತು ನೀಲಗಂಗಾ ಹಲ್ಲು ಕಚ್ಚಿಕೊಂಡಳು. ಜಮಖಂಡಿಯಿಂದ ಬಂದ ಮನೆತನದಲ್ಲಿ ದುಡಿಯಲು ಹೊರಬಿದ್ದ ಮೊದಲ ಹೆಣ್ಣು ಅವಳು. ನರ್ಸಾಗುವುದು ಬೇಡವೆಂದು ಊಟ ಬಿಟ್ಟಿದ್ದ ಅಪ್ಪನೇ ಈಗ ನೆರೆಯವರಿಗೆಲ್ಲ 'ನಮ್ಮ ಸಿಸ್ಟರ್' ಎಂದು ಹೇಳಿಕೊಂಡು ತಿರುಗುತ್ತಾನೆ. ಅಪ್ಪನಿಗೆ ಏನು ಹೇಳಲಿ? ಮಾಡದ ತಪ್ಪಿಗೆ ಸಹಿ ಹಾಕಿದೆ ಅನ್ನಲೇ?

ಇಲ್ಲ. ಕೈ ಮುರಿದರೂ ಹಾಕುವುದಿಲ್ಲ.

* * *

ಸೋಮವಾರ, ಮಂಗಳವಾರ ಲೀಲಾಧರ ಅಮ್ಮನ ಹಾಸಿಗೆ ಬಿಟ್ಟು ಏಳಲಿಲ್ಲ. ಬೈದವನ ಅಮ್ಮ ಎಂದು ನೀಲಗಂಗಾ ಒಂದು ಕೆಲಸವನ್ನೂ ಕಡಿಮೆ ಮಾಡಲಿಲ್ಲ. ಬಾಟಲಿಯ ಮೇಲಿನ ಅಕ್ಷರವನ್ನು ಎರಡು ಸಲ ಓದುವಳು. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುವಳು, ಕುಲುಕುತ್ತಿರಲಿಲ್ಲ. ನಿನ್ನೆ ಬಲತೊಡೆಯಾದರೆ ಇವತ್ತು ಎಡ.

"ನಿನ್ನೆಯ ಜಾಗದಲ್ಲೇ ಯಾಕೆ ಚುಚ್ಚುವುದಿಲ್ಲ?" ಅವನು ಕೇಳಿದ.

"ಗಂಟು ಕಟ್ತದ. ಕಾರ್ಡು ಓದಿದವ್ರಿಗೆ ಗೊತ್ತಿರಬೇಕಲ್ರಿ," ಎಂದು ಅವಳು ಮುಖ ನೋಡದೆ ಹೋದಳು.

ಅವಳು ಹೋದತ್ತಲೇ ಅವನ ಕಣ್ಣು. ಈ ಕೈ ತಪ್ಪು ಮಾಡಿರಲಿಕ್ಕೆ ಸಾಧ್ಯವೇ?

"ಆ ಹುಡುಗಿಯ ಕಣ್ಣು ಯಾಕೆ ಊದಿದೆ ಮಗಾ?" ದಮಯಂತಿಯಮ್ಮ ಕೇಳಿದರು. "ನನಗೆ ಕನ್ನಡ ಮಾತ್ರ ಬರ್ತದೆ ಅಂದದ್ದಕ್ಕೆ ಪಾಪ, ಕಾರ್ಡಿನ ಹಿಂದೆ ಪತ್ರದಷ್ಟು ಬರೆದುಕೊಟ್ಟಿದ್ಳು. ಆಗ ಸಕ್ಕರೆ ಜಾಸ್ತಿಯಾಗಿ ಕಣ್ಣು ಮಂಜು, ಓದ್ಲಿಕ್ಕಾಗ್ಲಿಲ್ಲ. ನಿನ್ನ ಕೈಗೆ ಕೊಟ್ಟೆ."

"ಪಥ್ಯದ ವಿಷಯ ಅಂತ ಎಣಿಸಿದ್ದೆ ಅಮ್ಮ... ನಾನು ಮರಾಠಿ ಶಾಲೆಯವ. ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಎಲ್ಲಿ ಬರ್ತದೆ?"

"ಕೊಡು ಇಲ್ಲಿ."

ಕಿಟಕಿಯ ಬೆಳಕಿಗೆ ಹಿಡಿದು ಅವರು ತಡೆತಡೆದು ಓದಿದರು. "ಇಪ್ಪತ್ತು ಯೂನಿಟ್. ಇದು ನಲವತ್ತರ ಬಾಟಲಿಯ ಲೆಕ್ಕ. ಯಾರು ಗೆರೆ ಹೇಳಿದರೂ ಗೆರೆ ನಂಬಬೇಡಿ, ಬಾಟಲಿ ನೋಡಿ. ಬೇರೆ ಬಾಟಲಿ ಬಂದರೆ ಚುಚ್ಚಬೇಡಿ, ನನ್ನ ಹತ್ತಿರ ಬನ್ನಿ. ನೀಲಗಂಗಾ."

ಸಹಿ ಮಾಡದಿದ್ದರೆ ನೀಲಗಂಗಾಳ ಕೆಲಸ ಹೋಗುತ್ತದೆ ಎಂದು ವಾರ್ಡಿನಲ್ಲಿ ಆಡಿಕೊಳ್ಳುತ್ತಿದ್ದದ್ದು ಲೀಲಾಧರನಿಗೆ ನೆನಪಾಯಿತು. ಓದಲು ಬರುವುದಿಲ್ಲ ಎನ್ನಲು ನಾಚಿ ಆಡಿದ ಒಂದು ಮಾತು... ಅದೊಂದು ಹುಡುಗಿಯ ಬದುಕನ್ನೇ ತಿನ್ನುತ್ತಿತ್ತು.

* * *

ಬುಧವಾರ ಬೆಳಿಗ್ಗೆ ನೀಲಗಂಗಾ ಕ್ಯಾಬಿನ್ನಿನಲ್ಲಿ ನಿಂತಿದ್ದಳು. ಕಾಗದದ ಮೇಲೆ ಪೆನ್ನಿತ್ತು. ಅವಳ ಕೈಗಳು ಬೆನ್ನ ಹಿಂದೆ ಇದ್ದವು.

ಬಾಗಿಲು ತಟ್ಟದೆಯೇ ಲೀಲಾಧರ ಒಳಬಂದ.

"ಡಾಕ್ಟರ್, ಇವರು ಸರಿಯಾಗೇ ಬರೆದಿದ್ದಾರೆ. ನಾನು ಓದಿಲ್ಲ. ನನಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ. ಮೊನ್ನೆ ಸುಳ್ಳು ಹೇಳಿದೆ. ಅಮ್ಮ ಓದಿದ್ದಾರೆ, ಬೇಕಾದ್ರೆ ಅವರನ್ನೇ ಕೇಳಿ."

"ಅಂದರೆ ತಪ್ಪು ನಿನ್ನದು."

"ನನ್ನದು. ಆದ್ರೆ ಹತ್ತು ಗೆರೆ ಅಂತ ನನಗೆ ಹೇಳಿದ್ದು ಈ ಚಂದ್ರಬಾಯಿ."

ಬಾಗಿಲಲ್ಲಿದ್ದ ಚಂದ್ರಬಾಯಿ ಸೆರಗು ಬಾಯಿಗೊತ್ತಿಕೊಂಡಳು. "ಇಪ್ಪತ್ತು ವರ್ಷದಿಂದ ಹಿಂಗ ಹೇಳ್ತೀನ್ರಿ. ಬಾಟಲಿ ಎರಡು ಥರ ಇರ್ತಾವ ಅಂತ ನನಗ ಯಾರ ಹೇಳ್ಯಾರ?"

ನೀಲಗಂಗಾ ಮೂರು ದಿನ ಕಟ್ಟಿಟ್ಟ ಸಿಟ್ಟು ಆಗ ಒಡೆಯಿತು.

"ಕೇಳ್ರಿ ಸರ್, ಅದನ್ನ ಕೇಳ್ರಿ. ಇಪ್ಪತ್ತು ವರ್ಷ ಇವರ ಕೈಲೆ ಸೂಜಿ ಕೊಟ್ರಿ, ಒಂದಿನ ಕೂಡಿಸಿ ಹೇಳಿಕೊಟ್ರೇನು? ನಾನು ಕೇಳಿದ್ರ 'ನರ್ಸಿಗೆ ಯಾಕ ಇಷ್ಟು ಉಸಾಬರಿ' ಅಂದ್ರಿ. ಯಾರರ ಸಾಯೂ ಹೊತ್ತಿಗೆ ಮಾತ್ರ ನರ್ಸಿನ ಸಹಿ ಬೇಕು ನಿಮಗ. ಕೊಡೂದಿಲ್ಲ. ನೌಕರಿ ಬೇಕಂದ್ರ ತಗೋರಿ, ಹೆಸರು ಕೊಡೂದಿಲ್ಲ."

ಡಾಕ್ಟರು ಫ್ಯಾನಿನತ್ತ ನೋಡಿದರು. ಕಾಗದ ಮಡಚಿ ಡ್ರಾಯರಿಗೆ ಹಾಕಲು ಹೋದರು.

"ಅಲ್ಲಿ ಬ್ಯಾಡ್ರಿ. ಹರೀರಿ."

ಹರಿದರು.

"ಚಂದ್ರಬಾಯಿಗೂ, ಉಳಿದಿಬ್ರು ನರ್ಸುಗಳಿಗೂ ನಾಳೆಯಿಂದ ನೀನೇ ಹೇಳಿಕೊಡು," ಎಂದು ಗೊಣಗಿದರು.

"ಹೇಳಿಕೊಡ್ತೀನ್ರಿ. ನೀವೂ ಬಂದು ಕೂಡ್ರಿ."

ಲೀಲಾಧರ ಏನೋ ಹೇಳಲು ಬಾಯಿ ತೆರೆದ. ಅವಳು ಅವನನ್ನು ದಾಟಿ ನಡೆದಳು.

* * *

ಸಂಜೆ ಆರಕ್ಕೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಅವನು ಏದುಸಿರು ಬಿಡುತ್ತ ಬಂದು ಅವಳ ಪಕ್ಕದಲ್ಲಿ ನಿಂತ.

"ಮಾಫಿ ಕೇಳಾಕ ಬಂದಿದ್ರ ಹೋಗ್ರಿ. ನನಗಿನ್ನೂ ಸಿಟ್ಟು ಐತಿ."

"ಇರ್ಲಿ. ತಡವಾಯ್ತು. ಮಧ್ಯಾಹ್ನದಿಂದ ಆ ಔಷಧಿ ಅಂಗಡಿಯ ಮುಂದೆ ನಿಂತಿದ್ದೆ."

"ಯಾಕ?"

"ಇನ್ಸುಲಿನ್‌ಗೆ ಬಂದವರನ್ನೆಲ್ಲ ಕೇಳಿದೆ, ಚೀಟಿಯಲ್ಲಿ ಎಷ್ಟು, ಬಾಟಲಿಯಲ್ಲಿ ಎಷ್ಟು ಅಂತ. ಒಬ್ಬ ಅಜ್ಜನ ಚೀಟಿಯಲ್ಲಿ ನಲವತ್ತು, ಕೈಯಲ್ಲಿ ಎಂಬತ್ತು. ವಾಪಸ್ ಕೊಡಿಸಿದೆ. ಅಂಗಡಿಯವ ನನ್ನನ್ನು ಪಾಗಲ್ ಅಂದ."

ನೀಲಗಂಗಾ ತುಟಿ ಬಿಗಿಹಿಡಿದಳು. ಆದರೂ ನಗು ಬಂದೇಬಿಟ್ಟಿತು.

"ಖರೇನ ಪಾಗಲ್ ಇದ್ದೀರಿ."

"ನೀವು ಮನೆಗೆ ಬರಬೇಕು," ಅವನು ಹಳಿಗಳನ್ನು ನೋಡುತ್ತ ಹೇಳಿದ. "ಅಮ್ಮನಿಗೆ ಚುಚ್ಚಲಿಕ್ಕೆ ಅಲ್ಲ. ಅದು ನನ್ನ ಕೆಲಸ, ಸರಿಯಾಗಿ ಕಲೀತೇನೆ. ನನಗೆ... ನನಗೇ ಬೇಕು ನೀವು."

"ಸುಳ್ಳು ಹೇಳಿದ ಬಾಯಿ ಅದು."

"ಹೌದು. ಅದಕ್ಕೇ ಹೆದರಿಕೆ ಆಗ್ತಾ ಉಂಟು, ನೀವು ನಂಬದಿದ್ರೆ ಅಂತ."

ಕಲ್ಯಾಣದ ಗಾಡಿ ಬಂತು. ಜನ ಇಳಿದರು, ಹತ್ತಿದರು. ಗಾಡಿ ಹೊರಟಿತು. ಅವಳು ನಿಂತಲ್ಲೇ ನಿಂತಿದ್ದಳು.

"ನಿಮ್ಮ ಗಾಡಿ ಹೋಯ್ತಲ್ಲ ಸಿಸ್ಟರ್."

"ಕಣ್ಣು ಅದಾವ್ರಿ ನನಗ. ಸಿಸ್ಟರ್ ಅನಬ್ಯಾಡ್ರಿ. ಮುಂದಿನದು ಎಷ್ಟೊತ್ತಿಗೆ?"

"ಹದಿನೈದು ನಿಮಿಷ."

"ಹಂಗಾರ ಇನ್ನೊಮ್ಮೆ ಹೇಳ್ರಿ. ಹಳಿ ನೋಡಿ ಅಲ್ಲ, ನನ್ನ ಮಾರಿ ನೋಡಿ."

ಅವನು ತಿರುಗಿದ. "ನನಗೆ ನೀವು ಬೇಕು, ನೀಲಗಂಗಾ."

ಅವಳು ಅವನ ಕಣ್ಣುಗಳನ್ನೇ ನೋಡಿದಳು.

"ಹೂಂ," ಅಂದಳು ಮೆಲ್ಲಗೆ. "ಈ ಸಲ ಖರೇ ಹೇಳೀರಿ."