ಲೂರ್ದುವಿನ ಜಡೆ, ಪಾಟಿಯ ಹರಕೆ

“ಅಲ್ಲಾಡ್ಬೇಡ ಕಣಮ್ಮಿ! ಬೈತಲೆ ಸೊಟ್ಟ ಆಯ್ತದೆ.”

ಪಾಟಿ ಲೂರ್ದುವನ್ನು ತನ್ನ ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಜಡೆ ಹಾಕುತ್ತಿದ್ದಳು. ಪಾಟಿ ಅಂದರೆ ಅಜ್ಜಿ, ಹೆಸರು ಸವರಿಯಮ್ಮ. ರಾಮಾಪುರದಿಂದ ಆಚೆ, ತಮಿಳುನಾಡಿನ ಗಡಿ ಕಡೆಗಿರುವ ಅವರ ಊರಲ್ಲಿ ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಬೈಯುವುದಕ್ಕೆ ಎರಡೂ.

ಬಲಗಡೆಯ ಜಡೆ ಮುಗಿದು ರಿಬ್ಬನ್ ಕಟ್ಟಿಯಾಗಿತ್ತು. ಎಡಗಡೆಯ ಕೂದಲು ಇನ್ನೂ ಸೊಂಟದವರೆಗೆ ಹರಡಿಕೊಂಡಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ಸಂತೆಗೆ ಹೋಗುವ ಸುದ್ದಿ ಹೇಳುವ ಹಾಗೆ ಪಾಟಿ ಹೇಳಿಬಿಟ್ಟಳು.

“ಭಾನುವಾರ ಗುಡ್ಡದ ಮೇರಿ ಮಾತೆ ಗುಡಿಗೆ ಓಗೋದು. ನಿನ್ ಮುಡಿ ಕೊಡ್ಬೇಕು. ಮುಡಿ ತೆಗ್ಯೋ ಮುರುಗೇಶಂಗೂ ಯೋಳಿವ್ನಿ, ಕತ್ತಿ ತಕಂಡು ಬತ್ತನೆ.”

ಲೂರ್ದು ಎದ್ದ ರಭಸಕ್ಕೆ ಎಣ್ಣೆಯ ಬಟ್ಟಲು ಉರುಳಿತು.

“ಮುಡಿನಾ? ನಂದಾ? ಫುಲ್ ಬೋಳಾ?”

“ಇನ್ನೇನು ಅರ್ಧನಾ? ನಿಮ್ಮಪ್ಪ ಆಸ್ಪತ್ರೇಲಿ ಮಲಗಿದ್ದಾಗ ಮಾತೆಗೆ ಹರಕೆ ಹೊತ್ತಿದ್ದೆ. ಕ್ರಿಸ್‌ಮಸ್ ಒಳಗೆ ಮೊಮ್ಮಗಳ ಮುಡಿ ಕೊಡ್ತೀನಿ ತಾಯಿ ಅಂದಿದ್ದೆ. ಈಗ ಅವ್ನು ಎದ್ದು ನಡೀತಾವ್ನೆ. ಕೊಟ್ಟ ಮಾತು ಉಳಿಸ್ಕಬೇಕಾ, ಬ್ಯಾಡ್ವಾ?”

“ಮಾತು ಕೊಟ್ಟೋಳು ನೀನು! ಕೂದ್ಲು ನಂದು!”

ಹೇಳಿ ನೋಡೋಣ, ಹುಡುಗಿಯ ಮಾತಲ್ಲಿ ತಪ್ಪೇನಿದೆ? ನಿಮ್ಮ ಪೆನ್ಸಿಲ್ ಬಾಕ್ಸನ್ನು ನಿಮ್ಮನ್ನು ಕೇಳದೆ ಯಾರಿಗೋ ಕೊಟ್ಟುಬಿಟ್ಟರೆ ನೀವು ಸುಮ್ಮನಿರುತ್ತೀರಾ? ಮನೆ ತಲೆಕೆಳಗಾಗುವಂತೆ ಕೂಗುತ್ತೀರಿ. ಇದು ಪೆನ್ಸಿಲ್ ಬಾಕ್ಸ್ ಅಲ್ಲ, ತಲೆ!

ಅದೂ ಯಾವಾಗ? ಸ್ಕೂಲಿನ ಕ್ರಿಸ್‌ಮಸ್ ನಾಟಕದಲ್ಲಿ ಲೂರ್ದು ಮೇರಿಯ ಪಾರ್ಟ್‌ಗೆ ಸೆಲೆಕ್ಟ್ ಆಗಿದ್ದಾಗ. ಮೂರನೇ ಕ್ಲಾಸಿನಲ್ಲಿ ಅವಳು ಕುರಿ ಆಗಿದ್ದಳು. ನಾಲ್ಕರಲ್ಲಿ ನಕ್ಷತ್ರ ಹಿಡಿದು ಕೈ ನೋವು ಬರುವ ತನಕ ನಿಂತಿದ್ದಳು. ಐದನೇ ಕ್ಲಾಸಿಗೆ ಬಂದ ಮೇಲೆ ಕೊನೆಗೂ ಮೇರಿ!

“ಅಪ್ಪ ಕುಂಟ್ತಾರೆ,” ಲೂರ್ದು ಕಿರುಚಿದಳು. “ಗಾಡಿ ಓಡಿಸಕ್ಕೆ ಆಗಲ್ಲ. ಮಾತೆ ಮಾಡಿರೋದು ಅರ್ಧ ಕೆಲ್ಸ. ನಾನೂ ಅರ್ಧ ಜಡೆ ಕೊಡ್ತೀನಿ. ಅದೂ ಕ್ರಿಸ್‌ಮಸ್ ಮುಗಿದ್ಮೇಲೆ!”

“ಅಯ್ಯೋ ಮಾತಾವೇ! ಬಾಯಿ ನೋಡು ಇವಳ್ದು!” ಪಾಟಿ ಗಡಿಬಿಡಿಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. “ಪುಷ್ಪಾ, ಕೇಳುಸ್ಕಂಡ್ಯಾ ನಿನ್ ಮಗಳು ಆಡೋ ಮಾತ?”

ಅಡುಗೆಮನೆಯಲ್ಲಿದ್ದ ಅಮ್ಮ ಪಾತ್ರೆಯನ್ನು ಜೋರಾಗಿ ಕುಕ್ಕಿದಳು. ಲೂರ್ದು ಬ್ಯಾಗು ಎಳೆದುಕೊಂಡು, ಒಂದೇ ಜಡೆಯಲ್ಲಿ ಸ್ಕೂಲಿಗೆ ಓಡಿದಳು.

“ಏನಮ್ಮಿ ಇದು, ಹೊಸ ಫ್ಯಾಷನ್ನಾ?” ಪಕ್ಕದಲ್ಲಿ ಕೂರುವ ಭವ್ಯಶ್ರೀ ಕೇಳಿದಳು.

ಲೂರ್ದು ಎಲ್ಲವನ್ನೂ ಹೇಳಿದಳು. ಭವ್ಯಶ್ರೀ ಬಾಯಿಗೆ ಕೈ ಇಟ್ಟುಕೊಂಡಳು.

“ನಮ್ಮನೇಲೂ ಬೆಟ್ಟದ ದೇವಸ್ಥಾನಕ್ಕೆ ಓಗಿ ನನ್ ತಮ್ಮನ ಮುಡಿ ಕೊಟ್ರು. ಆದ್ರೆ ಅವ್ನು ಪಾಪು. ಅಳಕ್ಕೆ ಬಿಟ್ಟು ಇನ್ನೇನೂ ಗೊತ್ತಿರ್ಲಿಲ್ಲ.”

“ನಂಗೆ ಎಲ್ಲಾ ಗೊತ್ತದೆ!”

ನಾಟಕದ ಪ್ರಾಕ್ಟೀಸಿಗೆ ಬಂದ ಸಿಸ್ಟರ್ ಬೆನಡಿಕ್ಟಾಗೂ ಅವಳು ವಿಷಯ ಹೇಳಿದಳು. ಸಿಸ್ಟರ್ ತನ್ನ ಪರವಾಗಿ ಬಂದು ಪಾಟಿಗೆ ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದಳು. ಸಿಸ್ಟರ್ ಏನು ಮಾಡಿದರು ಗೊತ್ತಾ? ಅವಳ ತಲೆಯನ್ನೇ ಸ್ವಲ್ಪ ಹೊತ್ತು ನೋಡಿ, “ಬೋಳು ತಲೆಯ ಮೇರಿ ಚೆನ್ನಾಗಿ ಕಾಣಲ್ಲ ಮಗು. ಮೇರಿ ಪಾರ್ಟ್ ದೀಪಾ ಮಾಡಲಿ. ನೀನು ಹಿಂದೆ ಏಂಜಲ್ ಜೊತೆ ನಿಂತ್ಕೋ,” ಅಂದರು.

“ಸಿಸ್ಟರ್, ಮೇರಿ ತಲೆ ಮೇಲೆ ನೀಲಿ ಬಟ್ಟೆ ಹೊದ್ದಿರ್ತಾಳಲ್ವಾ? ಕೂದ್ಲು ಎಲ್ಲಿ ಕಾಣುತ್ತೆ?” ಭವ್ಯಶ್ರೀ ಕೇಳಿದಳು.

ಎಷ್ಟು ಸರಿಯಾದ ಪ್ರಶ್ನೆ! ಉತ್ತರ ಇಲ್ಲದಿದ್ದಾಗ ದೊಡ್ಡವರು ಮಾಡುವುದನ್ನೇ ಸಿಸ್ಟರ್ ಮಾಡಿದರು. “ಸೈಲೆನ್ಸ್!” ಅಂದರು.

ಸಂಜೆ ಲೂರ್ದು ಸೀದಾ ಬಸ್ ಸ್ಟಾಪಿನ ಹತ್ತಿರ ಅಪ್ಪನ ಅಂಗಡಿಗೆ ಹೋದಳು. ಅಂಗಡಿ ಅಂದರೆ ಹುಣಸೆ ಮರದ ಕೆಳಗೆ ಒಂದು ತಗಡಿನ ಶೀಟು, ನೀರಿನ ಬಾಣಲೆ, ಗಾಳಿ ಹೊಡೆಯುವ ಮೆಷಿನ್ನು. ಮೇಲೆ ಕೆಂಪು ಬಣ್ಣದಲ್ಲಿ ‘ಲೂರ್ದು ಪಂಚರ್ ಶಾಪ್’ ಎಂಬ ಬೋರ್ಡು.

ಆ ಹೆಸರು ಅಲ್ಲಿರಬೇಕಾದದ್ದೇ ಅಲ್ಲ. ಅಪ್ಪ ಅರುಳಪ್ಪ ಬೇರೆಯವರ ಗೂಡ್ಸ್ ಗಾಡಿಯಲ್ಲಿ ಟೊಮ್ಯಾಟೊ ತುಂಬಿಕೊಂಡು ಹನೂರು, ಕೊಳ್ಳೇಗಾಲ ಅಂತ ಓಡಾಡುತ್ತಿದ್ದ. ಈ ಕ್ರಿಸ್‌ಮಸ್‌ಗೆ ಸ್ವಂತ ಗಾಡಿ, ಮುಂದಿನ ಗ್ಲಾಸ್ ಮೇಲೆ ‘ಲೂರ್ದು’ ಅಂತ ಹೆಸರು ಎಂದು ಮಗಳಿಗೆ ಹೇಳಿದ್ದ. ಮಳೆಗಾಲದಲ್ಲಿ ತಿರುವಿನಲ್ಲಿ ಗಾಡಿ ಮಗುಚಿಕೊಂಡಿತು. ಅಪ್ಪ ಎಷ್ಟೋ ವಾರ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಇದ್ದ. ಕಾಲು ಮುರಿದಿದೆ ಅಷ್ಟೇ ಅಂತ ಲೂರ್ದುವಿಗೆ ಹೇಳಿದ್ದರು. ಈಗ ಎಡಗಾಲಲ್ಲಿ ಕ್ಲಚ್ ಒತ್ತಲು ಆಗುವುದಿಲ್ಲ. ಕೈಯಲ್ಲಿ ಕೋಲು.

“ಅಪ್ಪಾ, ದೇವರು ಮೋಸ ಮಾಡ್ತಾನೆ!” ಲೂರ್ದು ಬ್ಯಾಗು ಬಿಸಾಡಿದಳು.

ಅಪ್ಪ ಟ್ಯೂಬನ್ನು ನೀರಲ್ಲಿ ಮುಳುಗಿಸುತ್ತಾ, “ಏನ್ ಮಾಡ್ದ?” ಅಂದ.

“ನಿನ್ ಗಾಡಿ ಕಿತ್ಕಂಡ. ನನ್ ಪಾರ್ಟ್ ಕಿತ್ಕಂಡ. ಈಗ ಕೂದ್ಲೂ ಬೇಕಂತೆ. ಅವನಿಗೆ ಕೂದ್ಲು ಯಾಕೆ? ನಂಗೆ ಸಿಟ್ಟು ಬಂದದೆ. ಇವತ್ತಿಂದ ಜಪ ಮಾಡಲ್ಲ.”

ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಟ್ಯೂಬ್ ತಿರುಗಿಸಿ, ಗುಳ್ಳೆ ಏಳುವ ಜಾಗದ ಮೇಲೆ ಬೆರಳಿಟ್ಟ.

“ನಂಗೂ ಬಂದಿತ್ತು ಕಣವ್ವ. ಆಸ್ಪತ್ರೇಲಿ ಮಲಗ್ಕಂಡು ಚೆನ್ನಾಗಿ ಬಯ್ದೆ ಅವನ್ನ. ಹೆಂಡ್ರು ಮಕ್ಕಳ್ನ ಸಾಕೋ ಕಾಲನ್ನೇ ಯಾಕೆ ಮುರ್ದೆ, ನಿಂಗೆ ಬೇರೆ ಕಾಲು ಸಿಗ್ನಿಲ್ವಾ ಅಂದೆ.”

“ಆಮೇಲೆ?”

“ಆಮೇಲೇನು? ಬಯ್ದು ಬಯ್ದು ಸುಸ್ತಾಯ್ತು. ಇಷ್ಟೊತ್ತು ಯಾರ ಜೊತೆ ಮಾತಾಡ್ತಿದ್ದೆ ನಾನು ಅಂತ ಯೋಚ್ನೆ ಬಂತು. ಅವನ್ನ ಬುಟ್ರೆ ಬಯ್ಯಕ್ಕೂ ನಂಗೆ ಯಾರೂ ಇರ್ನಿಲ್ಲ.” ಅಪ್ಪ ನಕ್ಕ. “ಗಾಡಿ ಯಾಕೆ ಓಯ್ತು ಅಂತ ಇನ್ನೂ ಗೊತ್ತಾಗಿಲ್ಲ. ಗೊತ್ತಾಗದಿದ್ರೂ ಬೆಳಗ್ಗೆ ಎದ್ದು ಅಂಗಡಿ ತೆಗೀತೀನಿ. ಅವ್ನು ಜೊತೇಲವ್ನೆ ಅಂದ್ಕಂಡೇ ತೆಗೀತೀನಿ.”

ಲೂರ್ದುವಿಗೆ ಈ ಉತ್ತರ ಸಾಕಾಗಲಿಲ್ಲ. “ಅಂದ್ರೆ ನಾನು ಬೋಳಾಗ್ಬೇಕಾ?”

“ನಾನೆಲ್ಲಿ ಅಂಗಂದೆ? ನಡಿ, ಫಾದರ್‌ನೇ ಕೇಳನ.”

ಫಾದರ್ ಚರ್ಚಿನ ಮುಂದೆ ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದರು. ಲೂರ್ದು ಉಸಿರು ಬಿಡದೆ ವರದಿ ಒಪ್ಪಿಸಿದಳು. ಅರ್ಧ ಕೆಲಸಕ್ಕೆ ಅರ್ಧ ಜಡೆ ಎಂಬ ತನ್ನ ನ್ಯಾಯವನ್ನೂ ಬಿಡಲಿಲ್ಲ. ಫಾದರ್‌ಗೆ ನಗು ಬಂದರೂ ಗಡ್ಡ ಕೆರೆದುಕೊಂಡು ತಡೆದುಕೊಂಡರು.

“ಅರ್ಧ, ಮುಕ್ಕಾಲು ಎಲ್ಲ ನನಗೆ ಗೊತ್ತಿಲ್ಲ. ಆದರೆ ಒಂದು ಮಾತು ಕೇಳು. ಇನ್ನೊಬ್ಬರ ತಲೆಯನ್ನು ಹರಕೆ ಕೊಡೋಕೆ ಯಾರಿಗೂ ಹಕ್ಕಿಲ್ಲ. ನಿನಗೆ ಮನಸ್ಸಿಲ್ಲ ಅಂದ್ರೆ ಇಲ್ಲ, ಅಷ್ಟೇ. ಮಾತೆ ಕೋಪಿಸಿಕೊಳ್ಳಲ್ಲ. ನಿಮ್ಮ ಪಾಟಿಗೆ ನಾನು ಹೇಳಿದೆ ಅಂತ ಹೇಳು.”

ಗೆದ್ದಳು ಲೂರ್ದು! ಅಪ್ಪನ ಕೋಲಿನ ಸದ್ದನ್ನು ಎಲ್ಲೋ ಹಿಂದೆ ಬಿಟ್ಟು ಮನೆಗೆ ಓಡಿದಳು. ಬಾಗಿಲಲ್ಲೇ ನಿಂತು, “ಪಾಟೀ, ಹರಕೆ ಕ್ಯಾನ್ಸಲ್! ಫಾದರ್ ಯೋಳವ್ರೆ!” ಎಂದು ಕೂಗಿದಳು.

ಪಾಟಿ ಅವರೆಕಾಯಿ ಸುಲಿಯುತ್ತಿದ್ದಳು. ಜಗಳ ಆಡುತ್ತಾಳೆ, ಅಳುತ್ತಾಳೆ, ಫಾದರ್‌ಗೂ ನಾಲ್ಕು ಮಾತು ಬೈಯುತ್ತಾಳೆ ಎಂದು ಲೂರ್ದು ಸೊಂಟದ ಮೇಲೆ ಕೈ ಇಟ್ಟು ಸಿದ್ಧವಾಗಿ ನಿಂತಳು. ಪಾಟಿ ತಲೆ ಎತ್ತಲಿಲ್ಲ.

“ಅಂಗಂದ್ರಾ? ಸರಿ ಬುಡು,” ಅಂದಳು. ಅಷ್ಟೇ.

ಮಾರನೆಯ ದಿನ ಸುದ್ದಿ ಕೇಳಿ ಸಿಸ್ಟರ್ ಅವಳ ಪಾರ್ಟನ್ನು ಅವಳಿಗೇ ವಾಪಸ್ ಕೊಟ್ಟರು. ಮೇರಿಯ ನೀಲಿ ಬಟ್ಟೆಯನ್ನೂ ಕೊಟ್ಟು, “ಭಾನುವಾರ ಪ್ರಾಕ್ಟೀಸಿಗೆ ತಗೊಂಡು ಬಾ, ಕೊಳೆ ಮಾಡ್ಬೇಡ,” ಅಂದರು.

ಭಾನುವಾರ ಬೆಳಿಗ್ಗೆ ಪಾಟಿ ಮಡಿಸಿಟ್ಟ ಸೀರೆ ಉಟ್ಟು ಹೊರಟು ನಿಂತಿದ್ದಳು.

“ಎಲ್ಲಿಗೆ?” ಲೂರ್ದುವಿಗೆ ಅನುಮಾನ ಬಂತು.

“ಗುಡ್ಡಕ್ಕೆ. ನಿಮ್ಮಪ್ಪನೂ ಬತ್ತನೆ. ನೀನು ಬೇಕಾದ್ರೆ ಬಾ, ಬ್ಯಾಡಂದ್ರೆ ಬುಡು.”

ಏನೋ ಮೋಸ ಇದೆ ಎಂದುಕೊಂಡು ಲೂರ್ದು, ಅಲ್ಲಿಂದ ಹಾಗೇ ಪ್ರಾಕ್ಟೀಸಿಗೆ ಹೋಗಲು, ನೀಲಿ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡೇ ಹೊರಟಳು. ಎರಡು ಜಡೆಗಳನ್ನೂ ಮುಂದಕ್ಕೆ ಹಾಕಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ದಾರಿಯಲ್ಲಿ ಯಾರಾದರೂ ಕತ್ತರಿಸಿಕೊಂಡು ಓಡಿದರೆ?

ಗುಡ್ಡದ ಮೆಟ್ಟಿಲುಗಳ ತುದಿಯಲ್ಲಿ ಮಾತೆಯ ಪುಟ್ಟ ಗುಡಿ. ಪಕ್ಕದ ಬೇವಿನ ಮರದ ಕೆಳಗೆ ಮುರುಗೇಶಣ್ಣ ಮಣೆ ಹಾಕಿ, ಚೊಂಬಿನಲ್ಲಿ ನೀರು ಇಟ್ಟುಕೊಂಡು ಕಾಯುತ್ತಿದ್ದ. ಅಪ್ಪ ಇನ್ನೂ ಕೆಳಗಿದ್ದ. ಒಂದೊಂದು ಮೆಟ್ಟಿಲಿಗೂ ಕೋಲು ಟಕ್ ಅನ್ನುತ್ತಿತ್ತು.

“ಬಾ ಪಾಪಾ, ಕೂತ್ಕೋ,” ಮುರುಗೇಶಣ್ಣ ಕರೆದ.

“ನಾನಲ್ಲ!” ಲೂರ್ದು ಹಿಂದಕ್ಕೆ ಹಾರಿದಳು.

“ಅವಳಲ್ಲ ಕಣ್ಲಾ,” ಅಂದಳು ಪಾಟಿ. ತಲೆಯ ಮೇಲಿನ ಸೆರಗು ಜಾರಿಸಿ, ಕೂದಲಿನ ಗಂಟು ಬಿಚ್ಚಿ, ತಾನೇ ಮಣೆಯ ಮೇಲೆ ಕೂತಳು.

ಮುರುಗೇಶಣ್ಣ ಕೈಯಲ್ಲಿದ್ದ ಚೊಂಬು ಕೆಳಗಿಟ್ಟ. “ಸವರಿಯಮ್ಮಾ, ಈ ವಯಸ್ಸಲ್ಲಿ ಯಾಕೆ? ಜನ ನಗ್ತಾರೆ.”

“ನಗ್ಲಿ, ಹಲ್ಲು ಇರೋರು ನಗ್ತಾರೆ. ಮಾತು ಕೊಟ್ಟ ಬಾಯಿ ನಂದು. ತಲೇನೂ ನಂದೇ ಇರ್ಲಿ. ನೀರು ಹಾಕ್ಲಾ.”

ಬಿಳಿ ಕೂದಲು ಒದ್ದೆಯಾಗಿ, ಸಣ್ಣ ಸಣ್ಣ ಎಳೆಯಾಗಿ ನೆಲಕ್ಕೆ ಬೀಳತೊಡಗಿತು. ಲೂರ್ದುವಿಗೆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ.

“ಇದನ್ನೇ ಮೊದ್ಲೇ ಕೊಡ್ಬೋದಿತ್ತಲ್ಲ ಪಾಟಿ! ನನ್ ಕೂದ್ಲು ಯಾಕೆ ಯೋಳ್ದೆ?”

ಕತ್ತಿಯ ಕೆಳಗೆ ತಲೆ ಬಗ್ಗಿಸಿಕೊಂಡೇ ಪಾಟಿ ಹೇಳಿದಳು.

“ಮನೇಲಿ ಅದಕ್ಕಿಂತ ಚೆಂದಾಗಿರೋದು ಏನಿತ್ತಮ್ಮಿ? ಇಷ್ಟು ದೊಡ್ಡದು ಕೇಳ್ಕಂಡು, ಈ ಬಿಳಿ ಕೂದ್ಲು ಕೊಡ್ತೀನಿ ಅನ್ನಕ್ಕೆ ನಂಗೆ ನಾಚ್ಕೆ ಆಯ್ತು.”

“ಎಷ್ಟು ದೊಡ್ಡದು? ಅಪ್ಪ ನಡೀಲಿ ಅಂತ ತಾನೇ ನೀನು ಕೇಳಿದ್ದು. ಅದೂ ನೆಟ್ಟಗೆ ಆಗ್ನಿಲ್ಲ.”

“ನಡೀಲಿ ಅಂತ ಯಾರು ಕೇಳಿದ್ರು?” ಪಾಟಿಯ ಧ್ವನಿ ಸಣ್ಣದಾಯಿತು. “ಉಳಿಯೋದು ಕಷ್ಟ ಅಂದಿದ್ರು ಡಾಕ್ಟ್ರು. ನೀನು ಸಣ್ಣೋಳು ಅಂತ ನಿಂಗೆ ಯೋಳ್ನಿಲ್ಲ. ಜೀವ ಒಂದು ಇರ್ಲಿ ತಾಯಿ, ಇನ್ನೇನೂ ಬ್ಯಾಡ ಅಂದೆ. ಕಾಲಿನ ಸುದ್ದಿ ನಾನು ಎತ್ತೇ ಇಲ್ಲ.”

ಲೂರ್ದು ಕೆಳಗೆ ನೋಡಿದಳು. ಅಪ್ಪ ಅರ್ಧ ದಾರಿಯಲ್ಲಿ ನಿಂತು, ಟವೆಲಿನಿಂದ ಮುಖ ಒರೆಸಿಕೊಂಡು, ಮಗಳಿಗೆ ಕೋಲು ಎತ್ತಿ ತೋರಿಸಿದ. ಬಂದೆ, ಬಂದೆ ಅನ್ನುವ ಹಾಗೆ. ಆಮೇಲೆ ಮತ್ತೆ ಟಕ್, ಟಕ್.

ಆ ಸದ್ದನ್ನು ಅವಳು ಎಷ್ಟೋ ದಿನದಿಂದ ಕೇಳುತ್ತಿದ್ದಳು. ಯಾವತ್ತೂ ಇಷ್ಟು ಹೊತ್ತು ನಿಂತು ಕೇಳಿರಲಿಲ್ಲ.

ಕೆಲಸ ಮುಗಿಯಿತು. ಪಾಟಿ ಮಾತೆಯ ಮುಂದೆ ಮೊಣಕಾಲೂರಿ ಪ್ರಾರ್ಥಿಸಿ ಬಂದಳು. ಗುಡ್ಡದ ಮೇಲೆ ಡಿಸೆಂಬರ್ ಗಾಳಿ ಜೋರಾಗಿ ಬೀಸಿತು. ಪಾಟಿಯ ತಲೆ ಎಷ್ಟು ಸಣ್ಣದು! ಅವಳು ಎರಡು ಕೈಗಳಿಂದ ಅದನ್ನು ಮುಚ್ಚಿಕೊಂಡು, “ಚಳಿ ಕಣಮ್ಮಿ,” ಎಂದು ನಾಚಿಕೊಂಡು ನಕ್ಕಳು.

ಲೂರ್ದು ಚೀಲದಿಂದ ನೀಲಿ ಬಟ್ಟೆ ತೆಗೆದಳು. ಪಾಟಿಯ ತಲೆಗೆ ಹೊದಿಸಿ, ಎರಡು ಅಂಚುಗಳನ್ನು ಗದ್ದದ ಕೆಳಗೆ ಸೇರಿಸಿ ಹಿಡಿದಳು.

“ಅಯ್ಯೋ, ನಾಟಕದ್ದು! ಎಣ್ಣೆ ಕೊಳೆ ಆಯ್ತದೆ, ಸಿಸ್ಟರ್ ಬಯ್ತರೆ!”

“ಬಯ್ಲಿ ಬುಡು. ಸಂಜೆ ಒಗೀತೀನಿ.”

ಪಾಟಿ ಬಟ್ಟೆಯನ್ನು ಬಿಗಿಯಾಗಿ ಎಳೆದುಕೊಂಡಳು. ಆಮೇಲೆ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎಂದಿನ ಹಾಗೆ ಗದರಿದಳು.

“ಎಡಗಡೆ ಜಡೆ ಬಿಚ್ಕಂಡದೆ ನೋಡು. ಹಿಡ್ಕಂಡು ಹಿಡ್ಕಂಡು ಏನ್ ಮಾಡಿದ್ದೀ ಅದನ್ನ! ಬಾ ಇಲ್ಲಿ.”

ಮೇಲಿನ ಮೆಟ್ಟಿಲ ಮೇಲೆ ಪಾಟಿ ಕೂತಳು. ಕೆಳಗಿನ ಮೆಟ್ಟಿಲ ಮೇಲೆ, ಅವಳ ಮಂಡಿಗಳ ನಡುವೆ, ಲೂರ್ದು ಕೂತಳು. ಪಾಟಿಯ ಬೆರಳುಗಳು ಕೂದಲನ್ನು ಬಿಡಿಸಿ ಹೆಣೆಯತೊಡಗಿದವು. ಲೂರ್ದು ಒಂದು ಸಲವೂ ಅಲ್ಲಾಡಲಿಲ್ಲ.

ಕೆಳಗಿನಿಂದ ಕೋಲಿನ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಅವಳು ಸ್ವಲ್ಪ ಪಕ್ಕಕ್ಕೆ ಸರಿದು, ಮೆಟ್ಟಿಲ ಮೇಲೆ ಅಪ್ಪನಿಗೆ ಜಾಗ ಮಾಡಿದಳು.